ಸೆಟ್ಟಿಗೂ ಕೊಳೆ ಔಷಧಿ

ಆಷಾಢದ ಮಳೆಯಲ್ಲಿ ಕಟ್ಟಿದ ಬಟ್ಟೆ ಫ್ಲಾಟು (ಚೌಕಟ್ಟಿಗೆ ಬಟ್ಟೆ ಬಿಗಿದ ರಂಗದ ಗೋಡೆ), ಹಿಂಭಾಗಕ್ಕೆ ಅಡಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಹೊಡೆದರೆ, ದೀಪಾವಳಿವರೆಗೂ ಬೂಷ್ಟು ಹಿಡಿಯದೆ ಉಳಿಯುತ್ತದೆ ಅಂದರೆ ಸಾಗರ ಸೀಮೆಯ ರಂಗಸಜ್ಜಿಕೆಯವರು ನಗುತ್ತಿದ್ದರು. 'ಅಡಕೆಗೆ ಹೊಡೆಯೋದನ್ನ ನಾಟಕಕ್ಕೆ ಹೊಡೀತೀರಾ ಮಾರಾಯ್ರೆ?' ಅಂತ ಕೇಳಿದವರೂ ಉಂಟು. ಅವರಲ್ಲೇ ಇಬ್ಬರು ಈಗ ಅಳತೆ ಕೇಳುತ್ತಿದ್ದಾರೆ. ಅದಕ್ಕೇ ಬರೆದದ್ದು.

ಎಂಟಕ್ಕೆ ನಾಲ್ಕು ಅಡಿಯ ಚೌಕಟ್ಟಿಗೆ ಮರದ ರೀಪು ಬಿಟ್ಟು ಅಡಕೆ ದಬ್ಬೆ (ಅಡಕೆ ಮರ ಸೀಳಿದ ಪಟ್ಟಿ) ಹಾಕುತ್ತೇವೆ. ಗಾಳಿಗೆ ಬಿದ್ದ ಹಳೇ ಮರವೇ ಆಗಬೇಕು, ಎಳೇ ಮರದ್ದು ಒಣಗಿದ ಮೇಲೆ ತಿರುಚುತ್ತದೆ. ಒಳಗಿನ ತಿರುಳನ್ನು ಕತ್ತಿಯಲ್ಲಿ ಪೂರ್ತಿ ಹೆರೆದು, ಎರಡು ಮೂರು ವಾರ ಹಳ್ಳದಲ್ಲಿ ಮುಳುಗಿಸಿಟ್ಟು, ನೆರಳಲ್ಲಿ ಒಣಗಿಸಿ. ತಿರುಳು ಉಳಿದರೆ ಹುಳ ಗ್ಯಾರಂಟಿ. ಮೊಳೆ ಹೊಡೆದರೆ ನಾರಿನ ಗುಂಟ ಸೀಳುತ್ತದೆ. ತೂತು ಕೊರೆದು ವಾಷರ್ ಸಮೇತ ಬೋಲ್ಟು ಹಾಕುವುದೇ ದಾರಿ.

ಮೇಲೆ ಬಳಿದ ಅಂಟು ಒಣಗುವಾಗ ಬಟ್ಟೆ ಬಿಗಿಯುತ್ತದಲ್ಲ, ಅಡ್ಡಪಟ್ಟಿ ಒಂದೇ ಇದ್ದರೆ ಚೌಕಟ್ಟಿನ ಸೊಂಟ ಒಳಕ್ಕೆ ಬಾಗಿ ಎರಡು ಫ್ಲಾಟಿನ ನಡುವೆ ಬೆಳಕು ಸೋರುತ್ತದೆ. ಎರಡು ಅಡ್ಡಪಟ್ಟಿ, ಮೂಲೆಗೊಂದು ಓರೆ ದಬ್ಬೆ ಬೇಕೇ ಬೇಕು. ತೂಕ ಎಂಟು ಕೆಜಿ ಆಸುಪಾಸು, ಪ್ಲೈವುಡ್ಡಿನದು ಇದರ ಎರಡರಷ್ಟು. ಖರ್ಚು ಫ್ಲಾಟೊಂದಕ್ಕೆ ಆರುನೂರು ರೂಪಾಯಿ, ಅದರಲ್ಲಿ ಅರ್ಧ ದಬ್ಬೆ ಸೀಳುವ ಕೂಲಿಯೇ. ಪ್ಲೈವುಡ್ಡಾದರೆ ಸಾವಿರದೆಂಟುನೂರಕ್ಕೂ ಗಿಟ್ಟುವುದಿಲ್ಲ.

ಬಟ್ಟೆಯನ್ನು ಬಿಗಿಯುವ ಮೊದಲೇ ಬೆಂಕಿ ಬೇಗ ಹತ್ತದ ಹಾಗೆ ಮಾಡುವ ಕೆಲಸ ಮುಗಿಸಿ: 10 ಲೀಟರ್ ಬಿಸಿನೀರಿಗೆ 600 ಗ್ರಾಂ ಬೊರಾಕ್ಸ್, 500 ಗ್ರಾಂ ಬೋರಿಕ್ ಪುಡಿ. ಗಂಜಿ ತೆಗೆದು ಒಗೆದ ಮಾಂಜರಪಾಟು ಬಟ್ಟೆಯನ್ನು ಅದರಲ್ಲಿ ಅದ್ದಿ ಒಣಗಿಸಿ. ಬೊರಾಕ್ಸನ್ನು ಅಂಟಿಗೇ ಸುರಿಯುವ ಸೋಮಾರಿತನ ಬೇಡ. ಹುಣಸೆ ಬೀಜದ ಅಂಟು ಲೋಳೆಗಟ್ಟಿ ಬ್ರಷ್ಷಿಗೆ ಏಳುವುದೇ ಇಲ್ಲ. ಅದ್ದಿದ ಬಟ್ಟೆಯ ಮೇಲೂ ಬ್ರಷ್ ಸ್ವಲ್ಪ ಎಳೆಯುತ್ತದೆ, ಅಷ್ಟು ಸಹಿಸಬೇಕು. ಇಷ್ಟು ಮಾಡಿದ ಮೇಲೂ ಹ್ಯಾಲೊಜೆನ್ ದೀಪ ಒಂದು ಮೀಟರ್ ಆಚೆಗೇ ಇರಲಿ.

ಅಂಟಿಗೆ ಹುರಿದು ಸಿಪ್ಪೆ ತೆಗೆದ ಹುಣಸೆ ಬೀಜದ ಪುಡಿ ಒಂದು ಕೆಜಿ, ನೀರು ಇಪ್ಪತ್ತೈದು ಲೀಟರ್. ರಾತ್ರಿ ತಣ್ಣೀರಲ್ಲಿ ಕಲಸಿಟ್ಟು ಬೆಳಿಗ್ಗೆ ಅರ್ಧ ಗಂಟೆ ಕೈಬಿಡದೆ ಕುದಿಸಿ. ಮಳೆಗಾಲದಲ್ಲಿ ಮಾರನೇ ದಿನಕ್ಕೆ ಹುಳಿ ನಾರುತ್ತದೆ, ಬೇಕಾದಷ್ಟೇ ಮಾಡಿ. ಮುಂಭಾಗಕ್ಕೆ ಎರಡು ಕೈ ಬಳಿದು ಪೂರ್ತಿ ಒಣಗಲು ಬಿಡಿ.

ಬೋರ್ಡೋ ಬೀಳುವುದು ಹಿಂಭಾಗಕ್ಕೆ ಮಾತ್ರ. ತೋಟದ ಅಳತೆಯೇ: ನೂರು ಲೀಟರಿಗೆ ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಅಡಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರ ಹಾಗೆ ಹೊಳೆಯುವ ಕತ್ತಿ ಅದ್ದಿ ನೋಡಿ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ತೋಟದಲ್ಲಾದರೆ ಎಲೆ ಸುಡುತ್ತದೆ, ನಮ್ಮಲ್ಲಿ ಬೋಲ್ಟು ತುಕ್ಕು ಹಿಡಿದು ಅದರ ಸುತ್ತಲ ಬಟ್ಟೆ ಪಿಸಿಯುತ್ತದೆ. ಒಂದು ಫ್ಲಾಟಿಗೆ ಮುಕ್ಕಾಲು ಲೀಟರ್ ಸಾಕು, ಮಂಜಿನ ಹಾಗೆ ಬೀಳಬೇಕು. ತೊಟ್ಟಿಕ್ಕುವಷ್ಟು ಹೊಡೆದರೆ ನೀಲಿ ಮುಂದಕ್ಕೆ ಇಣುಕಿ, ದೀಪದಲ್ಲಿ ಅರಮನೆಯ ಬಿಳಿ ಗೋಡೆ ಹಸಿರಾಗಿ ಕಾಣುತ್ತದೆ. ಉಳಿದ ದ್ರಾವಣ ನಾಳೆಗೆ ಬಾರದು, ತೋಟಕ್ಕೇ ಹೋಗಲಿ. ಒಣಗಿದ ನೀಲಿ ಪುಡಿ ನಟರ ಬಟ್ಟೆಗೆ ಹತ್ತದಂತೆ ಮೇಲೊಂದು ತೆಳು ಅಂಟು ಬೇಕು. ಆ ಅಂಟಿಗೆ ಇನ್ನೊಂದು ಹಿಡಿ ಸಾಮಾನು ಬೀಳುತ್ತದೆ. ಅದು ಕೇಳಲು ಬಂದವರಿಗೆ, ಚಹಾ ಅವರದ್ದು.

ನಡುವೆ ಅಡಕೆ ಹಾಳೆಯಲ್ಲಿ ನಟರ ಎದೆಕವಚವನ್ನೂ ಮಾಡಿ ನೋಡಿದೆವು. ಅರ್ಧ ಗಂಟೆ ನೆನೆಸಿ, ಮಡಕೆಯ ಮೇಲೆ ಬಿಗಿದು ಕಟ್ಟಿ ಒಣಗಿಸಿದರೆ ಆಕಾರ ಚೆನ್ನಾಗಿ ಕೂರುತ್ತದೆ. ಆದರೆ ಬಳ್ಳಾರಿ ಕಡೆಯ ಒಣ ಬಿಸಿಲಿಗೆ ಚಟಪಟ ಸೀಳಿತು. ಒಳಗೆ ಹಳೇ ಪಂಚೆ ಅಂಟಿಸಿದ್ದು ಮಾತ್ರ ಉಳಿದಿದೆ.

ಫ್ಲಾಟಿಗೂ ಆ ಕಡೆಯ ಹವೆ ಬೇರೆಯೇ. 1985ರಿಂದ ಊರೂರು ಸುತ್ತುತ್ತಿರುವ ಹೆಗ್ಗೋಡಿನ ನೀನಾಸಂ ನಾಟಕ ತಂಡ 'ತಿರುಗಾಟ'ದಂಥ ಪ್ರಯಾಣಕ್ಕೆ ಹೊರಡುವ ಸೆಟ್ಟಾದರೆ, ಇಲ್ಲಿ ಮಳೆಯಲ್ಲಿ ಬಟ್ಟೆಯನ್ನು ತಮಟೆಯಷ್ಟು ಬಿಗಿ ಮಾಡಬೇಡಿ. ಬಯಲುಸೀಮೆ ತಲುಪಿದ ಮೇಲೆ ಅದು ಇನ್ನೂ ಬಿಗಿಯುತ್ತದೆ. ಲಾರಿಗೆ ಹೇರುವಾಗ ಮುಖಕ್ಕೆ ಮುಖ ಇಟ್ಟು ನಡುವೆ ಹಳೇ ಪೇಪರ್ ಹಾಕಿ. ಟಾರ್ಪಾಲು ನಾಲ್ಕೂ ಕಡೆ ಮುಚ್ಚಿದರೆ ಒಳಗೆ ಬೆವರುತ್ತದೆ, ಹಿಂಬದಿ ಒಂದು ಗೇಣು ತೆರೆದಿರಲಿ.