ಹಳಿ ಕಿತ್ತ ರೈಲು ದಾರಿಯಲ್ಲಿ ಬೆಂಚ್‌ಮಾರ್ಕ್ ಬಿಲ್ಲೆಗಳ ಹುಡುಕಾಟ: ನನ್ನ ಅನುಭವ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕ್ಯಾಸ್ಕೇಡ್ ಪರ್ವತಗಳನ್ನು ದಾಟುತ್ತಿದ್ದ ಮಿಲ್ವಾಕೀ ಕಂಪನಿಯ ರೈಲುಮಾರ್ಗ 1980ರಲ್ಲಿ ನಿಂತುಹೋಯಿತು. ಹಳಿಗಳನ್ನು ಕಿತ್ತ ಮೇಲೆ ಆ ದಾರಿಯನ್ನು ರಾಜ್ಯ ಉದ್ಯಾನ ಇಲಾಖೆ ನಡೆಯುವವರಿಗೂ ಸೈಕಲ್ ಸವಾರರಿಗೂ ತೆರೆಯಿತು. ಈಗ ಅದರ ಹೆಸರು ಪಲೂಸ್ ಟು ಕ್ಯಾಸ್ಕೇಡ್ಸ್ ಟ್ರೇಲ್. ಸಿಯಾಟಲ್ ಬಳಿ ಸಿವಿಲ್ ಎಂಜಿನಿಯರ್ ಆಗಿರುವ ನಾನು ರಜೆಯ ದಿನಗಳಲ್ಲಿ ಇಂಥ ಹಳೆಯ ದಾರಿಗಳ ಪಕ್ಕದ ಬಂಡೆಗಳಲ್ಲಿ, ನಿಖರವಾಗಿ ಅಳೆದ ಎತ್ತರದ ಗುರುತಾಗಿ ಕೂರಿಸಿರುವ ಬೆಂಚ್‌ಮಾರ್ಕ್ ಬಿಲ್ಲೆಗಳನ್ನು ಹುಡುಕಿ, ಅವುಗಳ ಸ್ಥಿತಿಯನ್ನು ಇಂಥ ಗುರುತುಗಳ ದಾಖಲೆ ಇಡುವ ಸರ್ಕಾರಿ ಸಂಸ್ಥೆಯಾದ ನ್ಯಾಷನಲ್ ಜಿಯೋಡೆಟಿಕ್ ಸರ್ವೆಗೆ, ಅಂದರೆ ಎನ್‌ಜಿಎಸ್‌ಗೆ, ವರದಿ ಮಾಡುತ್ತೇನೆ. ಈ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು. ಆದರೆ ಮಾಡುವವರು ಅಚ್ಚುಕಟ್ಟಾಗಿ ಮಾಡಬೇಕು ಎಂಬುದು ನನ್ನ ಕಳಕಳಿ, ಏಕೆಂದರೆ ಒಂದು ಅಜಾಗರೂಕ ವರದಿ ಮುಂದೆ ಬರುವ ಸರ್ವೆಯವರ ಇಡೀ ದಿನವನ್ನು ಹಾಳುಮಾಡಬಲ್ಲದು.

ಲೆವೆಲಿಂಗ್ ಕೆಲಸಕ್ಕೆ, ಅಂದರೆ ಜಾಗದಿಂದ ಜಾಗಕ್ಕೆ ಎತ್ತರದ ವ್ಯತ್ಯಾಸವನ್ನು ಅಳೆಯುತ್ತ ಹೋಗುವುದಕ್ಕೆ, ರೈಲುದಾರಿಯನ್ನು ಆರಿಸಿಕೊಂಡದ್ದಕ್ಕೆ ಗಟ್ಟಿ ಕಾರಣವಿತ್ತು. ಲೆವೆಲ್ ಯಂತ್ರವನ್ನು, ಅಂದರೆ ಮಟ್ಟವಾಗಿ ನೋಡುವ ದುರ್ಬೀನನ್ನು, ಎರಡು ಅಳತೆಗೋಲುಗಳ ಅಂದರೆ ಸ್ಟಾಫ್‌ಗಳ ನಡುವೆ ಸಮದೂರದಲ್ಲಿಟ್ಟು, ಹಿಂದಿನದನ್ನೂ ಮುಂದಿನದನ್ನೂ ಓದಿ, ಹಾಗೆಯೇ ಮುಂದುವರಿಯುವ ಈ ವಿಧಾನದಲ್ಲಿ ಏರು ಕಡಿದಾದಷ್ಟೂ ನೋಟ ಮೊಟಕಾಗುತ್ತದೆ. ಯಂತ್ರವನ್ನು ಹೆಚ್ಚು ಸಲ ಹೂಡಬೇಕಾಗುತ್ತದೆ, ಪ್ರತಿ ಹೂಡಿಕೆಯಲ್ಲೂ ಒಂದಿಷ್ಟು ದೋಷ ಸೇರುತ್ತದೆ. ರೈಲುದಾರಿಯ ಏರು ಸೌಮ್ಯ, ನೆಲ ಗಟ್ಟಿ, ನೋಟ ಉದ್ದ. ಹಳಿಯ ಮೇಲೆ ಓಡುವ ಪುಟ್ಟ ಮೋಟಾರು ಗಾಡಿಯಲ್ಲಿ ತಂಡ ತನ್ನ ಸಾಮಾನುಗಳೊಂದಿಗೆ ಸಾಗಬಹುದಿತ್ತು. ಹೀಗಾಗಿ ಕೋಸ್ಟ್ ಅಂಡ್ ಜಿಯೋಡೆಟಿಕ್ ಸರ್ವೆ ಎಂಬ, ಎನ್‌ಜಿಎಸ್‌ನ ಪೂರ್ವಜ ಸಂಸ್ಥೆ, ದೇಶದುದ್ದಕ್ಕೂ ಹಳಿಗಳ ಪಕ್ಕದಲ್ಲೇ ತನ್ನ ಎತ್ತರದ ಸರಪಳಿಯನ್ನು ಹೆಣೆಯಿತು. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಉದ್ಯೋಗ ಪರಿಹಾರದ ಹಣ ಈ ಕೆಲಸಕ್ಕೂ ಹರಿದುಬಂದದ್ದರಿಂದ 1933, 1934 ಎಂದು ಮುದ್ರೆ ಬಿದ್ದ ಬಿಲ್ಲೆಗಳು ಬಹಳ ಸಿಗುತ್ತವೆ.

ಬಿಲ್ಲೆ ಸುಮಾರು 9 ಸೆಂಟಿಮೀಟರ್ ಅಗಲದ್ದು, ಕಂಚಿನ ಎರಕ. ಅಂಚಿನ ಸುತ್ತ ಸಂಸ್ಥೆಯ ಹೆಸರಿರುತ್ತದೆ. ಮಾಹಿತಿಗೆ ವಾಷಿಂಗ್ಟನ್ ಡಿ.ಸಿ.ಯ ನಿರ್ದೇಶಕರಿಗೆ ಬರೆಯಿರಿ ಎಂಬ ಸೂಚನೆಯೂ, ಗುರುತನ್ನು ಕದಲಿಸಿದರೆ 250 ಡಾಲರ್ ದಂಡ ಅಥವಾ ಸೆರೆವಾಸ ಎಂಬ ಎಚ್ಚರಿಕೆಯೂ ಎರಕದಲ್ಲೇ ಮೂಡಿರುತ್ತವೆ. ನಡುವಿನ ಹೆಸರು ಮತ್ತು ವರ್ಷ ಮಾತ್ರ ಕೈಯಿಂದ, ಅಕ್ಷರದ ಅಚ್ಚುಗಳನ್ನು ಒಂದೊಂದಾಗಿ ಇಟ್ಟು ಸುತ್ತಿಗೆಯಿಂದ ಬಡಿದದ್ದು. ಆದ್ದರಿಂದಲೇ ಒಂದು ಅಂಕಿ ತುಸು ವಾಲಿರುತ್ತದೆ, ಇನ್ನೊಂದು ಆಳವಾಗಿ ಇಳಿದಿರುತ್ತದೆ. ಹೆಸರು ಒಂದು ಅಕ್ಷರ, ಒಂದು ಸಂಖ್ಯೆ, ಅಷ್ಟೆ. ಸೊನ್ನೆ ಮತ್ತು ಒಂದರ ಜೊತೆ ಗೊಂದಲವಾಗದಿರಲೆಂದು ಇಂಗ್ಲಿಷಿನ ಓ ಮತ್ತು ಐ ಅಕ್ಷರಗಳನ್ನು ಬಿಟ್ಟಿರುತ್ತಾರೆ. ಬಿಲ್ಲೆಯ ಮೈ ಸ್ವಲ್ಪ ಉಬ್ಬಿರುತ್ತದೆ. ಸ್ಟಾಫ್‌ನ ಬುಡ ಅದರ ಅತಿ ಎತ್ತರದ ಬಿಂದುವಿನ ಮೇಲೆ ನಿಲ್ಲಲೆಂದು ಈ ಏರ್ಪಾಡು. ಬಂಡೆಯಲ್ಲಿ ತೂತು ಕೊರೆದು, ಅದರ ಬಾಯನ್ನು ಬಿಲ್ಲೆಯ ಅಗಲಕ್ಕೆ ತುಸು ತಗ್ಗಿಸಿ, ಸಿಮೆಂಟ್ ಗಾರೆ ತುಂಬಿ, ಬಿಲ್ಲೆಯ ಕೆಳಗಿನ ಕಾಲನ್ನು ಅದರಲ್ಲಿ ಒತ್ತಿ ಕೂರಿಸುತ್ತಿದ್ದರು. ಅಂಚು ಬಂಡೆಯ ಮೈಗೆ ಸಮವಾಗಿ ಕೂತರೆ ಉಳಿ ಹಾಕಿ ಮೀಟುವವರಿಗೆ ಹಿಡಿತ ಸಿಗುವುದಿಲ್ಲ.

ಬಂಡೆಯೇ ಏಕೆ ಬೇಕು ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಅಂತರ್ಜಲವನ್ನು ಎಗ್ಗಿಲ್ಲದೆ ಎತ್ತಿದ್ದರಿಂದ 1925ರಿಂದ 1977ರವರೆಗೆ ಅಲ್ಲಿನ ನೆಲ ಕೆಲವೆಡೆ ಸುಮಾರು 9 ಮೀಟರ್ ಕುಸಿಯಿತು; ಆ ಮಣ್ಣಿನಲ್ಲಿ ನೆಟ್ಟಿದ್ದ ಗುರುತುಗಳೂ ಅದರೊಂದಿಗೆ ಇಳಿದವು. ಎಷ್ಟು ಇಳಿದವು ಎಂದು ತಿಳಿಯಬೇಕಾದರೆ ಕುಸಿಯದ ಗಟ್ಟಿ ನೆಲದ ಗುರುತಿನಿಂದ ಮಟ್ಟವನ್ನು ತರಬೇಕು. ಎನ್‌ಜಿಎಸ್ ತನ್ನ ಗುರುತುಗಳ ಸ್ಥಿರತೆಯನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿದೆ. ತಾಯಿಬಂಡೆಯಲ್ಲಿ ಕೂತದ್ದಕ್ಕೆ ಎ ದರ್ಜೆ. ಆದರೆ ಎದುರಿಗಿರುವುದು ತಾಯಿಬಂಡೆಯೋ, ಉರುಳಿಬಂದು ಅರ್ಧ ಹೂತುಹೋದ ದೊಡ್ಡ ಗುಂಡೋ ಎಂಬುದನ್ನು ನಾನು ಪ್ರತಿ ಸಲವೂ ಸುತ್ತ ನಡೆದು ನೋಡುತ್ತೇನೆ. ಬಿರುಕುಗಳ ದಿಕ್ಕು ಪಕ್ಕದ ಬಂಡೆಗಳೊಂದಿಗೆ ಹೊಂದಿಕೊಳ್ಳದಿದ್ದರೆ ಅದನ್ನೂ ವರದಿಯಲ್ಲಿ ಬರೆಯುತ್ತೇನೆ.

ಇನ್ನು ಹುಡುಕುವ ಬಗೆ. ಪ್ರತಿ ಗುರುತಿಗೂ ಎನ್‌ಜಿಎಸ್‌ನ ಡೇಟಾಶೀಟ್ ಇದೆ. ಎರಡು ಅಕ್ಷರ, ನಾಲ್ಕು ಅಂಕಿಗಳ ಗುರುತುಸಂಖ್ಯೆಯಿಂದ ಅದನ್ನು ತೆರೆಯಬಹುದು. ಹೊಸಬರು ಅದರಲ್ಲಿರುವ ಅಕ್ಷಾಂಶ ರೇಖಾಂಶಗಳನ್ನು ಫೋನಿಗೆ ತುಂಬಿಕೊಂಡು ಹೊರಡುತ್ತಾರೆ. ಆದರೆ ಬೆಂಚ್‌ಮಾರ್ಕ್‌ನಲ್ಲಿ ನಿಖರವಾಗಿ ಅಳೆದದ್ದು ಎತ್ತರವನ್ನು ಮಾತ್ರ. ಸ್ಥಾನವನ್ನು ಬಹುಪಾಲು ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ತೆಗೆದಿರುತ್ತಾರೆ, ಮತ್ತು ಡೇಟಾಶೀಟ್‌ನಲ್ಲಿ ‘ಸ್ಕೇಲ್ಡ್’ ಎಂದು ಅದನ್ನು ಮುಚ್ಚುಮರೆಯಿಲ್ಲದೆ ಹೇಳಿರುತ್ತಾರೆ. ಅದರ ನಿಖರತೆ ಆಚೀಚೆ 6 ಸೆಕೆಂಡು (ಒಂದು ಸೆಕೆಂಡು ಎಂದರೆ ಇಲ್ಲಿ ಡಿಗ್ರಿಯ 3600ರಲ್ಲಿ ಒಂದು ಭಾಗ). ನಮ್ಮ ಅಕ್ಷಾಂಶದಲ್ಲಿ ಅದು ಉತ್ತರ ದಕ್ಷಿಣಕ್ಕೆ ಸುಮಾರು 185 ಮೀಟರ್, ಪೂರ್ವ ಪಶ್ಚಿಮಕ್ಕೆ ಸುಮಾರು 125 ಮೀಟರ್. ಅಷ್ಟು ಜಾಗದಲ್ಲಿ ಪಾಚಿ ಮುಚ್ಚಿದ ಬಂಡೆಯ ಮೇಲೆ ಅಂಗೈಯಗಲದ ಬಿಲ್ಲೆಯನ್ನು ಕಣ್ಣಳತೆಯಲ್ಲಿ ಹುಡುಕುವುದು ಕಾಲಹರಣ.

ದಾರಿ ತೋರಿಸುವುದು ಬಿಲ್ಲೆ ಕೂರಿಸಿದವರೇ ಬರೆದಿಟ್ಟ ವಿವರಣೆ. ನಿಲ್ದಾಣದಿಂದ ಇಷ್ಟು ಮೈಲಿ ಪಶ್ಚಿಮಕ್ಕೆ, ಉತ್ತರದ ಹಳಿಯಿಂದ ಇಷ್ಟು ಅಡಿ ಉತ್ತರಕ್ಕೆ, ಹಳಿಗಿಂತ ಇಷ್ಟು ಅಡಿ ಎತ್ತರದಲ್ಲಿ, ಚಾಚಿಕೊಂಡ ಬಂಡೆಯ ನೆತ್ತಿಯಲ್ಲಿ ಎಂದು ಅದು ಸಾಗುತ್ತದೆ. ಈಗ ನಿಲ್ದಾಣವೂ ಇಲ್ಲ, ಹಳಿಯೂ ಇಲ್ಲ. ಹಾಗಾಗಿ ಮೊದಲು ಹಳಿ ಎಲ್ಲಿತ್ತೆಂದು ಗೊತ್ತುಮಾಡಿಕೊಳ್ಳಬೇಕು. ಸುರಂಗದ ಬಾಯಿ, ಸೇತುವೆಯ ಕಾಂಕ್ರೀಟ್ ಕೊನೆ, ಮೋರಿಯ ತಲೆಗೋಡೆ ಇವು ಕದಲದ ಆಧಾರಗಳು. ಹಳೆಯ ರೈಲುನಕ್ಷೆಯಲ್ಲಿ ಇವುಗಳ ಮೈಲಿ ಅಂತರ ಸಿಕ್ಕರೆ ನಿಲ್ದಾಣದ ಜಾಗವನ್ನು ಲೆಕ್ಕ ಹಾಕಬಹುದು. ಒಂಟಿ ಮಾರ್ಗವಿದ್ದ ಕಡೆ, ಕಡಿದ ಬಂಡೆಗಳ ನಡುವೆ, ಈಗಿನ ದಾರಿಯ ಮಧ್ಯರೇಖೆ ಹಳೆಯ ಹಳಿಗಳ ಮಧ್ಯರೇಖೆಗೆ ಹೆಚ್ಚುಕಡಿಮೆ ಹೊಂದುತ್ತದೆ. ಹಳಿಗಳ ನಡುವಿನ ಅಂತರ 1.435 ಮೀಟರ್, ಆದ್ದರಿಂದ ಮಧ್ಯರೇಖೆಯಿಂದ ಸುಮಾರು 0.72 ಮೀಟರ್ ಪಕ್ಕಕ್ಕೆ ಗುರುತು ಹಾಕಿ ಅಲ್ಲಿಂದ ಟೇಪು ಎಳೆಯುತ್ತೇನೆ. ಎತ್ತರಕ್ಕೂ ಇದೇ ಎಚ್ಚರ ಬೇಕು: ಹಳಿ, ಅಡ್ಡಪಟ್ಟಿ, ಜಲ್ಲಿ ಹೋದ ಮೇಲೆ ನೆಲ ಒಂದೆರಡು ಅಡಿ ತಗ್ಗಿರುತ್ತದೆ, ಆದ್ದರಿಂದ ವಿವರಣೆಯಲ್ಲಿ ಎದೆಮಟ್ಟವೆಂದು ತೋರಿದ ಬಿಲ್ಲೆ ಈಗ ತಲೆಗಿಂತ ಮೇಲಿರಬಹುದು.

ಒಂದು ಕಡೆ ಟೇಪು ಹೇಳಿದ ಜಾಗದಲ್ಲಿ ಕಂಡದ್ದು ದಪ್ಪ ಪಾಚಿಯ ಹಾಸು ಮಾತ್ರ. ಪರ್ವತಗಳ ಪಶ್ಚಿಮ ಬದಿಯಲ್ಲಿ ಮಳೆ ಹೆಚ್ಚು, ಬಂಡೆಗಳೆಲ್ಲ ಹಸಿರು ಹೊದ್ದಿರುತ್ತವೆ. ಪಾಚಿಯನ್ನು ಕೆರೆಯದೆ ಬೆರಳಿನಿಂದ ಒತ್ತುತ್ತ ಹೋದಾಗ ಒಂದೆಡೆ ಒರಟು ಕಲ್ಲಿನ ಬದಲು ನುಣುಪಾದ ದುಂಡು ಅಂಚು ತಾಗಿತು. ಹಾಸಿನ ಅಂಚನ್ನು ಎತ್ತಿ, ನೀರು ಹನಿಸಿ, ಮೆತ್ತನೆಯ ಬ್ರಷ್ಷಿನಿಂದ ಒರೆಸಿದ ಮೇಲೆ ಹಸಿರುಗಂದು ಬಣ್ಣಕ್ಕೆ ತಿರುಗಿದ ಕಂಚು ಕಾಣಿಸಿತು, ಅಕ್ಷರಗಳು ಮಾತ್ರ ಕಾಣಲಿಲ್ಲ. ಟಾರ್ಚನ್ನು ಬಿಲ್ಲೆಯ ಮೈಗೆ ಒರಗಿಸಿ ಅಡ್ಡ ಬೆಳಕು ಹಾಯಿಸಿದಾಗ ಅಚ್ಚಿನ ತಗ್ಗುಗಳಲ್ಲಿ ನೆರಳು ನಿಂತು ಹೆಸರು, ಅದರ ಕೆಳಗೆ 1934, ಎರಡೂ ಓದಲು ಬಂದವು. ತಂತಿ ಬ್ರಷ್ಷನ್ನು ಯಾರೂ ಬಳಸಬಾರದು. ಎತ್ತರ ಇರುವುದೇ ಆ ಲೋಹದ ಮೇಲ್ಮೈಯಲ್ಲಿ. ಅದನ್ನು ಉಜ್ಜಿ ಹೊಳಪಿಸುವುದರಿಂದ ಗುರುತಿಗೆ ಕೇಡೇ ಹೊರತು ಉಪಕಾರವಿಲ್ಲ.

ಓದಿದ ಹೆಸರು ಡೇಟಾಶೀಟ್‌ನ ಹೆಸರಿಗೆ ಅಕ್ಷರಶಃ ಹೊಂದಿದ ಮೇಲಷ್ಟೇ ನಾನು ‘ಸಿಕ್ಕಿದೆ’ ಎಂದು ಬರೆಯುತ್ತೇನೆ. ಅಮೆರಿಕದ ಜಿಯಲಾಜಿಕಲ್ ಸರ್ವೆಯ ಬಿಲ್ಲೆಗಳೂ ಇದೇ ಅಳತೆಯವು, ಅಲ್ಲಲ್ಲಿ ಅಕ್ಕಪಕ್ಕದಲ್ಲೇ ಇರುತ್ತವೆ. ಅವುಗಳ ಮೇಲೆ ಎಷ್ಟೋ ಕಡೆ ಎತ್ತರವನ್ನೂ ಅಡಿಗಳಲ್ಲಿ ಬಡಿದಿರುತ್ತಾರೆ. ಆ ಸಂಖ್ಯೆಯನ್ನು ಹಾಗೆಯೇ ಕೆಲಸಕ್ಕೆ ತೆಗೆದುಕೊಳ್ಳಬಾರದು, ಏಕೆಂದರೆ ಅದು ಹಳೆಯ ಆಧಾರಮಟ್ಟದ್ದು, ಅಂದರೆ ಎತ್ತರಗಳನ್ನು ಎಣಿಸಲು ಹಿಂದೆ ಬಳಸುತ್ತಿದ್ದ ಸೊನ್ನೆಮಟ್ಟದ್ದು. 1929ರ ಆಧಾರಮಟ್ಟವನ್ನು ಅಮೆರಿಕ ಮತ್ತು ಕೆನಡಾದ 26 ಉಬ್ಬರವಿಳಿತ ಕೇಂದ್ರಗಳಿಗೆ ಬಿಗಿದಿದ್ದರು. 1988ರ ಆಧಾರಮಟ್ಟ ಕೆನಡಾದ ರಿಮೂಸ್ಕಿಯ ಒಂದೇ ಕೇಂದ್ರದ ಮೇಲೆ ನಿಂತಿದೆ. ಇವೆರಡರ ನಡುವೆ ಸಿಯಾಟಲ್‌ನಲ್ಲಿ ಸುಮಾರು 1.1 ಮೀಟರ್ ವ್ಯತ್ಯಾಸವಿದೆ. ಭಾರತದ ಮೊದಲ ಮಟ್ಟಜಾಲವೂ ಒಂಬತ್ತು ಬಂದರುಗಳ ಉಬ್ಬರವಿಳಿತದ ಅಳತೆಗಳನ್ನು ಆಧರಿಸಿತ್ತು, ಅವುಗಳಲ್ಲಿ ನಮ್ಮ ಕಾರವಾರವೂ ಒಂದು ಎಂಬುದು ಕನ್ನಡದ ಎಂಜಿನಿಯರುಗಳಿಗೆ ತಿಳಿದಿರಬೇಕಾದ ಸಂಗತಿ.

ರಸ್ತೆಬದಿಯ ಬಂಡೆಗಳ ಕಥೆ ಬೇರೆ. ಹೆದ್ದಾರಿಯನ್ನು ಅಗಲಿಸುವಾಗ ಬಂಡೆಯನ್ನೇ ಸಿಡಿಸುತ್ತಾರೆ, ಬಿಲ್ಲೆಯೂ ಹೋಗುತ್ತದೆ. ರೈಲು ನಿಂತುಹೋದ ದಾರಿಯಲ್ಲಿ ಯಾರೂ ಏನನ್ನೂ ಅಗಲಿಸಲಿಲ್ಲವಾದ್ದರಿಂದ ಗುರುತುಗಳು ಹೆಚ್ಚು ಉಳಿದಿವೆ ಎಂಬುದು ನನ್ನ ಅನುಭವ. ರೈಲು ಓಡುತ್ತಿರುವ ಮಾರ್ಗಗಳಿಗೆ ಮಾತ್ರ ನಾನು ಕಾಲಿಡುವುದಿಲ್ಲ. ಅವು ಕಂಪನಿಗಳ ಖಾಸಗಿ ಜಾಗ, ಜೀವಕ್ಕೂ ಅಪಾಯ.

ಸಿಗದ ಗುರುತಿನ ವರದಿಗೆ ಹೆಚ್ಚು ಎಚ್ಚರ ಬೇಕು. ‘ಸಿಗಲಿಲ್ಲ’ ಎಂಬುದು ಬೇರೆ, ‘ನಾಶವಾಗಿದೆ’ ಎಂಬುದು ಬೇರೆ. ಖಚಿತ ಪುರಾವೆಯಿಲ್ಲದೆ ಎನ್‌ಜಿಎಸ್ ಎರಡನೆಯದನ್ನು ಒಪ್ಪುವುದಿಲ್ಲ, ಒಪ್ಪಲೂಬಾರದು. ಬಂಡೆಯಲ್ಲಿ ಗಾರೆಯ ಉಂಗುರವೂ ಖಾಲಿ ತೂತೂ ಕಂಡರೆ ಚಿತ್ರ ತೆಗೆದು ಅಳತೆಯೊಂದಿಗೆ ಕಳಿಸುತ್ತೇನೆ. ಏನೂ ಕಾಣದಿದ್ದರೆ ಎಲ್ಲಿಂದ ಎಲ್ಲಿಯವರೆಗೆ, ಯಾವ ಆಧಾರದಿಂದ ಅಳೆದು ಹುಡುಕಿದೆ ಎಂದು ಬರೆಯುತ್ತೇನೆ. ಸಿಕ್ಕ ಗುರುತಿಗೆ ಕೈ ಜಿಪಿಎಸ್‌ನ ಸ್ಥಾನವನ್ನು ಸೇರಿಸುತ್ತೇನೆ. ಅದು ಹತ್ತು ಮೀಟರ್ ಒಳಗಿನದಾದರೂ ನಕ್ಷೆಯಿಂದ ತೆಗೆದ ಸ್ಥಾನಕ್ಕಿಂತ ಎಷ್ಟೋ ಮೇಲು. ಬಿಲ್ಲೆಯ ಮೇಲೆ ಆಕಾಶ ತೆರೆದಿದ್ದರೆ ಅದನ್ನೂ ತಿಳಿಸುತ್ತೇನೆ, ಏಕೆಂದರೆ ನಾಲ್ಕು ಗಂಟೆಗೂ ಹೆಚ್ಚು ಕಾಲ ಸರ್ವೆ ದರ್ಜೆಯ ಜಿಪಿಎಸ್ ಇಟ್ಟು ಅಳೆಯುವವರಿಗೆ ಅಂಥ ಗುರುತುಗಳೇ ಬೇಕು. ಎನ್‌ಜಿಎಸ್ ತನ್ನ ಜಿಯಾಯ್ಡ್ ಮಾದರಿಗಳನ್ನು, ಅಂದರೆ ಜಿಪಿಎಸ್ ಎತ್ತರವನ್ನು ಸಮುದ್ರಮಟ್ಟದಿಂದ ಎಣಿಸುವ ಎತ್ತರಕ್ಕೆ ಬದಲಿಸುವ ಮಾದರಿಗಳನ್ನು, ತಿದ್ದಿರುವುದು ಅಂಥ ಅಳತೆಗಳಿಂದ. ಕೊನೆಗೆ ವಿವರಣೆಯನ್ನು ಹೊಸದಾಗಿ ಬರೆಯುತ್ತೇನೆ. ಮರ, ಬೇಲಿಕಂಬ, ಫಲಕಗಳಿಂದ ಅಳೆಯುವುದಿಲ್ಲ. ಹತ್ತಿರದ ಸೇತುವೆಯ ಕಾಂಕ್ರೀಟ್ ಮೂಲೆಯಿಂದ ದೂರವನ್ನೂ ದಿಕ್ಕನ್ನೂ, ಈಗಿನ ದಾರಿಯ ಮಧ್ಯದಿಂದ ಅಂತರವನ್ನೂ ಎತ್ತರವನ್ನೂ ಕೊಡುತ್ತೇನೆ, ಮತ್ತು ಹಳಿ ಕಿತ್ತಿರುವುದರಿಂದ ಹಿಂದಿನ ಅಳತೆಗಳು ಇನ್ನು ನೇರವಾಗಿ ಅನ್ವಯಿಸುವುದಿಲ್ಲ ಎಂಬ ಒಂದು ಸಾಲನ್ನು ತಪ್ಪದೆ ಸೇರಿಸುತ್ತೇನೆ.