ಅವ್ವನ ಮನೆ ಖಾಲಿ ಮಾಡಿದ್ದು

ಒಂದು ವರ್ಷ ಮುಟ್ಟದ ವಸ್ತು ನಿಮಗೆ ಬೇಡದ ವಸ್ತು, ಯೋಚಿಸದೆ ತೆಗೆದುಬಿಡಿ ಎಂದು ನನಗೆ ಬುದ್ಧಿ ಹೇಳಿದವರು ಬಹಳ ಜನ. ಧಾರವಾಡದ ನಮ್ಮ ಮನೆಯಲ್ಲಿ ಈ ಲೆಕ್ಕ ಹಿಡಿದಿದ್ದರೆ ಉಳಿಯುತ್ತಿದ್ದದ್ದು ಗ್ಯಾಸ್ ಒಲೆ, ಎರಡು ತಾಟು, ಟಿವಿ ರಿಮೋಟು. ಕಣಕ ನಾದುವ ದೊಡ್ಡ ಪರಾತ ಅಟ್ಟದಿಂದ ಇಳಿಯುತ್ತಿದ್ದದ್ದು ಮನೆಯಲ್ಲಿ ಮದುವೆಯೋ ಸೀಮಂತವೋ ಇದ್ದಾಗ ಮಾತ್ರ. ಅವ್ವನ ಮದುವೆ ಸೀರೆ ಟ್ರಂಕಿನಿಂದ ಹೊರಬರುತ್ತಿದ್ದದ್ದು ನೆರಳಲ್ಲಿ ಗಾಳಿಗೆ ಹರವುವುದಕ್ಕೆ. ಯಾವುದನ್ನು ಕಡಿಮೆ ಮುಟ್ಟುತ್ತಿದ್ದಳೋ ಅದೇ ಅವಳಿಗೆ ಹೆಚ್ಚಿನದಾಗಿತ್ತು. ಅವಳನ್ನು ಕೇಳಿದ್ದರೆ ಉತ್ತರ ಯಾವಾಗಲೂ ಒಂದೇ: “ಮೂಲ್ಯಾಗ ಬಿದ್ದಿರತೈತಿ ಬಿಡು, ಅದೇನು ಅನ್ನಾ ಕೇಳತೈತೇನು?”

ಅಪ್ಪ ಹೋಗಿ ವರ್ಷಗಳಾಗಿದ್ದವು. ಅವ್ವನೂ ಹೋದ ಮೇಲೆ ಮನೆ ಮಾರುವುದೆಂದು ಮೂವರು ಮಕ್ಕಳೂ ಒಪ್ಪಿದೆವು. ಅಣ್ಣ ಅಮೆರಿಕದಲ್ಲಿ, ತಂಗಿ ಪುಣೆಯಲ್ಲಿ, ನಾನು ಬೆಂಗಳೂರಿನಲ್ಲಿ. ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಧಾರವಾಡ ಮುಟ್ಟುವವಳು ನಾನೇ ಆದ್ದರಿಂದ ಕೀಲಿ ನನ್ನ ಕೈಗೆ ಬಂತು.

ಮೊದಲ ಸಲ ಅಟ್ಟ ಹತ್ತಿ ಕೂತಾಗ ಒಂದು ವಿಷಯ ಸ್ಪಷ್ಟವಾಯಿತು. “ಇದು ಬೇಕಾ, ಬೇಡವಾ?” ಎಂದು ಕೇಳಿಕೊಳ್ಳುತ್ತ ಹೋದರೆ ಯಾವುದೂ ಕದಲುವುದಿಲ್ಲ, ಏಕೆಂದರೆ ನನಗೆ ಬೇಡ ಎಂದರೆ ಅವ್ವನೇ ಬೇಡ ಎಂದಂತೆ ಕೇಳಿಸುತ್ತದೆ. “ಇದು ಯಾರಿಗೆ?” ಎಂದು ಕೇಳಿದರೆ ಕೈ ಓಡುತ್ತದೆ. ಒಬ್ಬರ ಮುಖ ಕಣ್ಣಮುಂದೆ ಬಂದರೆ ಸಾಕು, ಎಷ್ಟೇ ಪ್ರೀತಿಯ ವಸ್ತುವಾದರೂ ಚೀಲಕ್ಕೆ ಇಳಿಯುತ್ತದೆ. ಮುಂದೆ ಮಾಡಿದ್ದೆಲ್ಲ ಈ ಒಂದು ಪ್ರಶ್ನೆ ಹಿಡಿದುಕೊಂಡು ಮಾಡಿದ್ದು.

ಆದರೆ ಶುರು ಮಾಡಿದ್ದು ಕಾಗದಪತ್ರದಿಂದ. ಅಲ್ಲಿ ಭಾವನೆ ಕಡಿಮೆ, ಅಪಾಯ ಹೆಚ್ಚು. ಅಪ್ಪ ಯಾವ ಕಾಗದವನ್ನೂ ಹರಿದವರಲ್ಲ. ಕರೆಂಟ್ ಬಿಲ್ಲು, ಮದುವೆ ಪತ್ರಿಕೆ, ಗೊಬ್ಬರದ ಅಂಗಡಿಯ ರಸೀದಿ, ಇವುಗಳ ನಡುವೆಯೇ ಕ್ರಯಪತ್ರ, ಹಳೆಯ ಪಹಣಿ, ಎಲ್‌ಐಸಿ ಬಾಂಡು. ರಾಶಿಗಟ್ಟಲೆ ರದ್ದಿಗೆ ಹಾಕಬೇಡಿ, ಒಂದೊಂದೇ ಹಾಳೆ ತಿರುವಿ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನಮಗೆ ಸಿಕ್ಕಿದ್ದು ಅಪ್ಪ ಎಂದೋ ಕೊಂಡಿದ್ದ ಒಂದು ಕಂಪನಿಯ ಷೇರು ಪತ್ರ. ಸತತ ಏಳು ವರ್ಷ ಲಾಭಾಂಶ ಪಡೆಯದೆ ಬಿಟ್ಟರೆ ಆ ಷೇರುಗಳು ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ಹೋದ ಮೇಲೂ ವಾರಸುದಾರರು ಅರ್ಜಿ ಹಾಕಿ ವಾಪಸು ಪಡೆಯಬಹುದು. ಕಾಗದದ ರೂಪದ ಷೇರನ್ನು 2019ರ ಏಪ್ರಿಲ್‌ನಿಂದ ಮಾರುವಂತಿಲ್ಲ, ಆದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು ಅಡ್ಡಿಯಿಲ್ಲ. ಬ್ಯಾಂಕಿನ ಠೇವಣಿಯೂ ಹಾಗೆಯೇ. ಹತ್ತು ವರ್ಷ ಯಾರೂ ಕೇಳದಿದ್ದರೆ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಹಕ್ಕು ಮಾತ್ರ ಅಳಿಯುವುದಿಲ್ಲ. ಹೀಗೆ ಮರೆತುಹೋದ ಠೇವಣಿ ಹುಡುಕಲು 2023ರಿಂದ ರಿಸರ್ವ್ ಬ್ಯಾಂಕಿನದೇ ಉದ್ಗಮ್ ಎಂಬ ಜಾಲತಾಣ ಇದೆ. ಹಳೆಯ ಪಾಸ್‌ಬುಕ್ ಸಿಕ್ಕರೆ ಅಲ್ಲಿ ಒಮ್ಮೆ ಹೆಸರು ಹಾಕಿ ನೋಡಿ. ಹೀಗೆ ಸೋಸಿದ ಮೇಲೆ ಅಪ್ಪನ ಮೂರು ಟ್ರಂಕು ಕಾಗದ ಒಂದು ತೆಳುವಾದ ಫೈಲಿಗೆ ಇಳಿಯಿತು.

ಈ ಕೆಲಸದ ನಡುವೆಯೇ ಅಣ್ಣನ ಫೋನು ಶುರುವಾಯಿತು. “ಎಲ್ಲಾ ಹಂಗ ಇಡು, ನಾ ಬಂದಾಗ ನೋಡೂಣು.” ದೂರ ಇರುವವರಿಗೆ ಹಾಗೆ ಹೇಳುವುದು ಸುಲಭ, ಏಕೆಂದರೆ ಅವರ ಮನಸ್ಸಿನಲ್ಲಿ ಆ ಮನೆಗೆ ಧೂಳು ಕೂರುವುದಿಲ್ಲ, ಗೆದ್ದಲು ಹತ್ತುವುದಿಲ್ಲ. ನಾನು ಜಗಳ ಆಡಲಿಲ್ಲ. ಪ್ರತಿ ವಸ್ತುವಿನ ಫೋಟೊ ತೆಗೆದು ಮೂವರ ವಾಟ್ಸಾಪ್ ಗುಂಪಿಗೆ ಹಾಕುತ್ತ ಬಂದೆ. ಬೇಕೆಂದವರು ಎಲ್ಲಿ ಇಡುತ್ತೀರಿ, ಯಾವಾಗ ಒಯ್ಯುತ್ತೀರಿ ಎಂದೂ ಬರೆಯಬೇಕು. ಬರೆಯದಿದ್ದರೆ ನಾನು ಕೊಟ್ಟವರಿಗೆ ಒಪ್ಪಬೇಕು. ಅಣ್ಣನ ವಿಮಾನದ ಟಿಕೆಟಿಗೆ 23 ಕಿಲೋದ ಎರಡು ಪೆಟ್ಟಿಗೆ. ಆ ತೂಕದ ಮಿತಿ ನನಗಿಂತ ಚೆನ್ನಾಗಿ ಅವನಿಗೆ ತಿಳಿಹೇಳಿತು. ಕೊನೆಗೆ ಅವನು ಆರಿಸಿಕೊಂಡದ್ದು ಅಪ್ಪನ ಎಚ್‌ಎಂಟಿ ಜನತಾ ಗಡಿಯಾರ, ಅವ್ವನ ಅಡಕೊತ್ತು, ಒಂದು ಹಿತ್ತಾಳೆ ಚರಿಗೆ. ಗಡಿಯಾರ ಕೀಲಿ ಕೊಟ್ಟರೆ ಇಂದಿಗೂ ನಡೆಯುತ್ತದೆ.

ಫೋಟೊ ತೆಗೆಯುವುದರಿಂದ ಇನ್ನೊಂದು ಉಪಕಾರವೂ ಇದೆ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಕೊಡುವ ಮುನ್ನ ವಸ್ತುವಿನ ಚಿತ್ರ ತೆಗೆದುಕೊಳ್ಳಿ ಎಂದು ವಿದ್ಯಾರ್ಥಿ ನಿಲಯಗಳಲ್ಲಿ ಹೇಳಿ ನೋಡಿದರು. ಹಾಗೆ ಹೇಳಿದ ಕಡೆ ಸುಮಾರು ಶೇ 15ರಷ್ಟು ಹೆಚ್ಚು ವಸ್ತು ದಾನಕ್ಕೆ ಬಂತಂತೆ. ಸ್ಟೀಲಿನ ಪಾತ್ರೆ, ಪದಕ, ಗೋಡೆ ಗಡಿಯಾರ, ಅಪ್ಪನ ಊರುಗೋಲು, ಇವುಗಳ ಮಟ್ಟಿಗೆ ನನಗೂ ಅದು ನಿಜವಾಯಿತು. ಸೀರೆಗೆ ಮಾತ್ರ ಕೆಲಸ ಮಾಡಲಿಲ್ಲ. ಸೀರೆಯಲ್ಲಿ ಇರುವುದು ಕಣ್ಣಿಗೆ ಕಾಣುವ ಬಣ್ಣವಷ್ಟೇ ಅಲ್ಲವಲ್ಲ, ನುಸಿ ಗುಳಿಗೆ ಮತ್ತು ವಿಭೂತಿ ಬೆರೆತ ಆ ವಾಸನೆಗೆ ಫೋಟೊ ಎಲ್ಲಿಂದ ತರುವುದು.

ಅಡುಗೆಮನೆ ನಾನು ಹೆದರಿದ್ದಕ್ಕಿಂತ ಹಗುರಾಗಿ ಮುಗಿಯಿತು. ಪರಾತ, ಡಬರಿ, ಉದ್ದ ಹಿಡಿಕೆಯ ಸೌಟುಗಳು ಮಠದ ದಾಸೋಹಕ್ಕೆ ಹೋದವು. ಅವು ಅಲ್ಲಿ ದಿನಾ ಒಲೆ ಹತ್ತುತ್ತವೆ. ನಮ್ಮಲ್ಲಿ ಅಟ್ಟ ಹತ್ತಿದ್ದವು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸದೆ ಹುಳಿ ಪದಾರ್ಥ ಮಾಡುವಂತಿಲ್ಲ, ಕಿಲುಬು ಬಿಡುತ್ತದೆ. ಕಲಾಯಿಯವರು ಈಗ ಬೀದಿಗೆ ಬರುವುದು ಅಪರೂಪ. ಆದ್ದರಿಂದ ದಿನಬಳಕೆಗೆ ಆಗುತ್ತದೆಂದು ಹಿತ್ತಾಳೆ ಇಟ್ಟುಕೊಳ್ಳುವವರು ಈ ಲೆಕ್ಕವನ್ನೂ ಹಾಕಲಿ. ತಾಮ್ರದ ಹಂಡೆಯನ್ನು ತೂಕಕ್ಕೆ ಮಾರಿದೆ. ಅದರ ಬಗ್ಗೆ ನೆಂಟರು ಒಂದೆರಡು ಮಾತು ಆಡಿದರು. ತೂತು ಬಿದ್ದ ಹಂಡೆಯಲ್ಲಿ ಹೂವಿನ ಗಿಡ ನೆಟ್ಟು ಬಾಲ್ಕನಿಯಲ್ಲಿ ಇಡುವುದಕ್ಕಿಂತ ಅದು ಕರಗಿ ಇನ್ನೇನೋ ಆಗುವುದು ಮೇಲು ಎಂದು ನನ್ನ ಅಭಿಪ್ರಾಯ.

ಹಣಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಬೇರೆಯವರ ಹೆಸರಿನ ಡಬ್ಬಿಗಳು. ಸ್ಟೀಲ್ ಪಾತ್ರೆಗೆ ಹೆಸರು ಹಾಕಿಸುವ ಕಾಲದಲ್ಲಿ ಅವ್ವನ ಮನೆಗೆ ಚಕ್ಕುಲಿ, ಉಂಡಿ ತುಂಬಿಕೊಂಡು ಬಂದು ಹಾಗೇ ಉಳಿದವು. ಖಾಲಿ ಡಬ್ಬಿ ವಾಪಸು ಕೊಡಬಾರದು, ಏನಾದರೂ ಮಾಡಿ ತುಂಬಿ ಕೊಡೋಣ ಎಂದು ಅವ್ವ ಮುಂದೂಡುತ್ತ ಹೋಗಿರಬೇಕು. ಹೆಸರು ಓದಿ ಓಣಿಯಲ್ಲಿ ವಿಚಾರಿಸಿ, ಒಂದೊಂದಕ್ಕೂ ಒಂದು ಹಿಡಿ ಸಕ್ಕರೆ ಹಾಕಿ ಅವರವರ ಮಕ್ಕಳಿಗೋ ಸೊಸೆಯರಿಗೋ ತಲುಪಿಸಿದೆ. ಒಬ್ಬ ಸೊಸೆ ತನ್ನ ಅತ್ತೆಯ ಹೆಸರನ್ನು ಬೆರಳಿನಿಂದ ಸವರಿ, “ಇದರ ಮುಚ್ಚಳ ನಮ್ಮನ್ಯಾಗ ಐತ್ರಿ, ಯಾವುದರದ್ದಂತ ತಿಳದಿರಲಿಲ್ಲ” ಅಂದಳು.

ಸೀರೆಗಳಿಗೆ ಬರುತ್ತೇನೆ. ಹೆಣ್ಣುಮಕ್ಕಳಿಗೆ ಅತ್ಯಂತ ಕಷ್ಟದ ಜಾಗ ಇದೇ. ಹಳೆಯ ರೇಷ್ಮೆ ಸೀರೆ ಕೊಳ್ಳುತ್ತೇವೆ ಎಂದು ಮನೆಮನೆಗೆ ಬರುವವರಿದ್ದಾರೆ. ಅವರಿಗೆ ಬೇಕಾದದ್ದು ಸೀರೆ ಅಲ್ಲ, ಜರಿಯೊಳಗಿನ ಬೆಳ್ಳಿ. ಅಸಲಿ ಜರಿ ಎಂದರೆ ರೇಷ್ಮೆ ಎಳೆಗೆ ಸುತ್ತಿದ ಬೆಳ್ಳಿಯ ತಂತಿ, ಮೇಲೆ ಚಿನ್ನದ ಲೇಪ. ಕಲ್ಲಿಗೆ ಉಜ್ಜಿದರೆ ಬಿಳುಪು ಕಂಡರೆ ಬೆಳ್ಳಿ, ಕೆಂಪು ಕಂಡರೆ ತಾಮ್ರ. ಬೆಳ್ಳಿ ಇದ್ದರೆ ಸೀರೆಯನ್ನು ಸುಟ್ಟು ಲೋಹ ತೆಗೆಯುತ್ತಾರೆ. ಮಾರುವುದು ತಪ್ಪೆಂದು ನಾನು ಹೇಳುವುದಿಲ್ಲ. ಮಡಿಕೆಯಲ್ಲೇ ಸೀಳಿಹೋಗಿ, ಉಡಲೂ ಬಾರದ ಎರಡು ಸೀರೆಯನ್ನು ನಾನೂ ಕೊಟ್ಟೆ. ಆದರೆ ಬೆಂಕಿಗೆ ಹೋಗುತ್ತದೆಂದು ತಿಳಿದು ಕೊಡಬೇಕು, ಮತ್ತು ಅಂದಿನ ಬೆಳ್ಳಿಯ ದರ ನೋಡಿಕೊಂಡು ಕೊಡಬೇಕು. ಗಟ್ಟಿಯಿದ್ದ ರೇಷ್ಮೆ ಸೀರೆಗಳನ್ನು ನಾನು, ತಂಗಿ, ವೈನಿ, ಮೊಮ್ಮಕ್ಕಳು ಹಂಚಿಕೊಂಡೆವು. ಹಂಚುವಾಗ ಒಂದು ಷರತ್ತು ಇತ್ತು. ಉಡುವವರಿಗೆ ಮಾತ್ರ, ಇಡುವವರಿಗೆ ಇಲ್ಲ.

ಉಳಿದದ್ದು ದಿನಾ ಉಡುತ್ತಿದ್ದ ಇಳಕಲ್ ಸೀರೆಗಳು. ಇಳಕಲ್ಲಿನ ಸೀರೆಯಲ್ಲಿ ಒಡಲು ಬೇರೆ, ಸೆರಗು ಬೇರೆ. ನೂಲಿನ ಒಡಲಿಗೆ ರೇಷ್ಮೆಯ ಸೆರಗನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಹಾಗಾಗಿ ಒಡಲು ಸವೆದು ಜಾಳಾದರೂ ಕೆಂಪು ಟೋಪ ತೆನಿ ವಿನ್ಯಾಸದ ಸೆರಗು ಹೊಸದರಂತೆ ಇರುತ್ತದೆ. ಇಂಥ ಸೀರೆಯನ್ನು ಯಾರಿಗೂ ಉಡಲು ಕೊಡುವಂತಿಲ್ಲ, ನೆಲ ಒರೆಸುವ ಅರಿವೆ ಮಾಡಲು ಮನಸ್ಸು ಬರುವುದಿಲ್ಲ. ಇದಕ್ಕೆ ನಮ್ಮ ಕಡೆ ಹಿಂದಿನಿಂದ ಬಂದ ದಾರಿ ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಒಂದು ಅಂಚಿನಿಂದ ಶುರುಮಾಡಿ ಸಾಲು ಸಾಲು ಹೊಲಿಗೆ ಹಾಕುತ್ತ ಒಳಗೆ ಬರುತ್ತಾರೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯೂ ಇದೇ ಬಳಗದ್ದು.

ಪಕ್ಕದ ಹಳ್ಳಿಯಿಂದ ಕೌದಿ ಹೊಲಿಯುವಾಕೆಯನ್ನು ಕರೆಸಿದೆ. ಆಕೆ ಸೀರೆಗಳನ್ನು ಬೆಳಕಿಗೆ ಹಿಡಿದು ನೋಡಿ, ತೀರಾ ಜಾಳಾದವನ್ನು ಒಳಪದರಕ್ಕೆ, ಗಟ್ಟಿಯಿದ್ದವನ್ನು ಮೇಲಕ್ಕೆ ಎಂದು ಬೇರೆ ಮಾಡಿದಳು. ಅಪ್ಪನ ಧೋತರಗಳು ಒಳಗೆ ಹೋದವು. ಗುಳೇದಗುಡ್ಡದ ಖಣದ ಕುಪ್ಪಸಗಳನ್ನು ಕತ್ತರಿಸಿ ಮೇಲೆ ಚೌಕಳಿ ಹಾಕಿದಳು. ನಾನು ಅಂಗಳದಲ್ಲಿ ಅವಳ ಎದುರಿಗೆ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ಯಾವ ಸೀರೆ ಯಾವ ಹಬ್ಬದ್ದು ಎಂದು ಕೇಳುತ್ತ ಕೇಳುತ್ತ ಹೊಲಿದಳು, ಗೊತ್ತಿದ್ದಷ್ಟು ಹೇಳಿದೆ. ಕೊನೆಯ ತುಂಡು ಮುಚ್ಚುವ ಮುನ್ನ ಒಳಗಿಡಲು ಒಂದು ಚೂರು ಹೋಳಿಗೆ ಕೇಳಿದಳು. ಹಸಿದ ಹೊಟ್ಟೆಯ ಕೌದಿ ಮನೆಗೆ ಒಳ್ಳೆಯದಲ್ಲವಂತೆ. ಹೋಳಿಗೆ ಇರಲಿಲ್ಲ, ರೊಟ್ಟಿಯ ಚೂರು ಕೊಟ್ಟೆ, ನಡೆಯಿತು. ಮೂರು ಮನೆಗೆ ಮೂರು ಕೌದಿ ಆದವು. ವಾಷಿಂಗ್ ಮಷೀನಿಗೆ ಹಾಕಬೇಡಿ, ಒದ್ದೆಯಾದ ಕೌದಿಯ ಭಾರಕ್ಕೆ ಹಳೆಯ ನೂಲು ಹರಿಯುತ್ತದೆ. ಬಿಸಿಲಿಗೆ ಹಾಕಿ ಕೊಡವಿದರೆ ಸಾಕು.

ಪತ್ರಗಳ ಕಥೆ ಬೇರೆ. ಅಪ್ಪ ಓದಿದ ಪತ್ರವನ್ನು ಗೋಡೆಯ ಕೊಕ್ಕೆ ತಂತಿಗೆ ಚುಚ್ಚುತ್ತಿದ್ದರು. ತಂತಿ ತುಂಬಿದರೆ ಇನ್ನೊಂದು ತಂತಿ. ಅಂಥ ಹಲವು ಕಂತೆಗಳು ಅಟ್ಟದಲ್ಲಿದ್ದವು. ಕಾರ್ಡು, ಇನ್‌ಲ್ಯಾಂಡು, ಮೂಲೆಗೆ ಅರಿಸಿನ ಹಚ್ಚಿದ ಮದುವೆ ಕರೆಯೋಲೆ. ಓದುತ್ತ ಹೋದಂತೆ ಒಂದು ಕೊರತೆ ಕಾಣತೊಡಗಿತು. ಅಷ್ಟು ವರ್ಷದ ಪತ್ರಗಳಲ್ಲಿ ಸತ್ತವರ ಸುದ್ದಿಯೇ ಇಲ್ಲ. ಸಾವಿನ ಕಾಗದವನ್ನು ಓದಿದ ಕೂಡಲೇ ಹರಿದು ಬಿಸಾಡುವುದು ರೂಢಿ, ಮನೆಯೊಳಗೆ ಇಡುವುದಿಲ್ಲ. ಅಜ್ಜಿಯ ಮೊಣಕಾಲು ನೋವು ಒಂದು ಪತ್ರದಲ್ಲಿ ಜಾಸ್ತಿ, ಮುಂದಿನದರಲ್ಲಿ ಇನ್ನೂ ಜಾಸ್ತಿ, ಆಮೇಲೆ ಅಜ್ಜಿಯ ಹೆಸರೇ ಇಲ್ಲ.

ಇವನ್ನು ಏನು ಮಾಡುವುದು? ಅಕ್ಷರ ನೋಡಿ ಬೇರೆ ಬೇರೆ ಕಟ್ಟು ಕಟ್ಟಿದೆ. ಬರೆದವರು ಇದ್ದರೆ ಅವರಿಗೆ, ಇಲ್ಲದಿದ್ದರೆ ಅವರ ಮಕ್ಕಳಿಗೆ ಅವರ ಪತ್ರಗಳನ್ನೇ ಮರಳಿಸಿದೆ. ಸೋದರಮಾವನ ಮಗನಿಗೆ ತನ್ನ ಅಪ್ಪನ ಕೈಬರಹ ಬೇರೆ ಎಲ್ಲೂ ಇರಲಿಲ್ಲ. ನಮ್ಮ ಮನೆಯಲ್ಲಿ ಅದು ಕಂತೆಯ ಒಂದು ಭಾಗವಾಗಿತ್ತು, ಅವನ ಮನೆಯಲ್ಲಿ ಚೌಕಟ್ಟು ಹಾಕಿಸುವ ವಸ್ತುವಾಯಿತು. ಅಪ್ಪ ಅವ್ವನಿಗೆ ಬರೆದವು ಕೆಲವು ಇದ್ದವು. ಅವನ್ನು ನಾವು ಮಕ್ಕಳು ಓದಲಿಲ್ಲ. ತಂಗಿ ಬಂದಾಗ ಇಬ್ಬರೂ ಸೇರಿ ನೀರೊಲೆಗೆ ಹಾಕಿದೆವು. ಇಡಬೇಕಿತ್ತು ಎನ್ನುವವರು ಇದ್ದಾರೆ, ಇರಲಿ. ಪತ್ರ ಬರೆದವರ ಕಡೆಯಿಂದಲೂ ನೋಡಬೇಕಲ್ಲ.

ಫೋಟೊಗಳಿಗೆ ಅತ್ತೆಯನ್ನು, ಅಂದರೆ ಅಪ್ಪನ ತಂಗಿಯನ್ನು, ಕೂರಿಸಿಕೊಂಡೆ. ಎಂಬತ್ತು ದಾಟಿದ ಅವರಿಗೆ ನಿನ್ನೆಯದು ನೆನಪಿಲ್ಲ, ಮದುವೆಯ ಗುಂಪುಚಿತ್ರದಲ್ಲಿ ಹಿಂದಿನ ಸಾಲಿನವರ ಹೆಸರು ಗೊತ್ತು. ಮೆತ್ತಗಿನ ಪೆನ್ಸಿಲಿನಲ್ಲಿ ಹಿಂಬದಿಗೆ ಬರೆದುಕೊಂಡೆ, ಪೆನ್ನಿನ ಶಾಯಿ ಮುಂದಕ್ಕೆ ಇಳಿಯುತ್ತದೆ. ಅಂಟಿನ ಪುಟದ ಆಲ್ಬಮ್ಮುಗಳಲ್ಲಿ ಸಿಕ್ಕಿಕೊಂಡ ಫೋಟೊ ಬಿಡಿಸಲು ಹಲ್ಲಿನ ಸಂದಿ ತೆಗೆಯುವ ದಾರವನ್ನು ಹಿಂದಿನಿಂದ ನಿಧಾನ ಎಳೆಯಬೇಕು. ಚೌಕಟ್ಟಿನ ಗಾಜಿಗೇ ಅಂಟಿಹೋಗಿದ್ದರೆ ಬಿಡಿಸಲು ಹೋಗದೆ ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿಸಿ. ಅತ್ತೆಗೂ ಗುರುತು ಸಿಗದ ಮುಖಗಳ ಫೋಟೊ ನಾನು ಇಟ್ಟುಕೊಳ್ಳಲಿಲ್ಲ.

ಪುಸ್ತಕಗಳ ಬಗ್ಗೆ ಹೇಳುವಂಥದ್ದು ಒಂದೇ: ಯಾವ ಗ್ರಂಥಾಲಯಕ್ಕೂ ಕೇಳದೆ ಒಯ್ಯಬೇಡಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದವರು ಮಕ್ಕಳ ಪುಸ್ತಕ, ಸ್ಪರ್ಧಾ ಪರೀಕ್ಷೆಯ ಪುಸ್ತಕ ಇದ್ದರೆ ಕೊಡಿ ಎಂದರು, ಅಪ್ಪನ ಕಾದಂಬರಿಗಳು ಅವರಿಗೆ ಬೇಡ. ಹುಬ್ಬಳ್ಳಿಯಿಂದ 1956ರಲ್ಲಿ ಶುರುವಾದ ಕಸ್ತೂರಿಯ ಹಳೆಯ ಸಂಚಿಕೆಗಳನ್ನು ಅಪ್ಪ ಬೈಂಡ್ ಹಾಕಿಸಿಟ್ಟಿದ್ದರು. ಅವು ಸಂಶೋಧನೆ ಮಾಡುವ ಹುಡುಗಿಯೊಬ್ಬಳಿಗೆ ಸಿಕ್ಕವು.

ದೇವರ ಜಗಲಿಯ ಮೇಲಿನದು ಅಂದುಕೊಂಡದ್ದಕ್ಕಿಂತ ಸುಲಭವಾಯಿತು. ಇಷ್ಟಲಿಂಗ ಅವ್ವನ ಅಂಗೈಯಲ್ಲೇ ಮಣ್ಣಿಗೆ ಹೋಗಿತ್ತು. ಅದನ್ನು ಇಡುತ್ತಿದ್ದ ಬೆಳ್ಳಿಯ ಕರಡಿಗೆ ಮೊಮ್ಮಗಳಿಗೆ ಹೋಯಿತು. ದೇವರ ಪಟಗಳನ್ನು ಅರಳಿಕಟ್ಟೆಗೆ ಇಟ್ಟು ಬರುವುದು ನನಗೆ ಸರಿಬರುವುದಿಲ್ಲ, ಅಲ್ಲಿ ಗಾಜು ಒಡೆದು ನಾಯಿಯ ಕಾಲಿಗೆ ಚುಚ್ಚುವುದನ್ನು ನೋಡಿದ್ದೇನೆ. ಚೌಕಟ್ಟು ಬಿಚ್ಚಿ, ಗಾಜು ಗುಜರಿಗೆ ಹಾಕಿ, ಕಾಗದವನ್ನು ನೀರಲ್ಲಿ ನೆನೆಸಿ ಹಿತ್ತಲ ತೆಂಗಿನ ಬುಡದಲ್ಲಿ ಹುಗಿದೆ.

ಬಗೆಹರಿಯದೆ ಉಳಿದದ್ದು ಪಡಸಾಲೆಯ ತೂಗುಮಣೆ. ಸಾಗವಾನಿ, ಹಿತ್ತಾಳೆ ಸರಪಳಿ. ನಮ್ಮ ಮೂವರ ಫ್ಲ್ಯಾಟಿನ ಯಾವ ಸೂರಿಗೂ ಅದನ್ನು ತೂಗಿಹಾಕುವ ಕೊಂಡಿ ಇಲ್ಲ. ಸದ್ಯ ದೊಡ್ಡಪ್ಪನ ಮಗನ ಹೊಲದ ಮನೆಯಲ್ಲಿ ಹೊಟ್ಟಿನ ಚೀಲಗಳ ಹಿಂದೆ ಇದೆ. ಅಣ್ಣ ಬೇಕೆಂದು ಬರೆದಿದ್ದಾನೆ, ಎಲ್ಲಿ, ಯಾವಾಗ ಎಂಬ ಜಾಗ ಖಾಲಿ ಬಿಟ್ಟಿದ್ದಾನೆ. ದೀಪಾವಳಿಯವರೆಗೆ ಗಡುವು ಕೊಟ್ಟಿದ್ದೇನೆ. ಆಮೇಲೆ ಬಡಿಗೇರನಿಗೆ ಹೇಳುವುದೆಂದು ಗುಂಪಿನಲ್ಲಿ ಹಾಕಿದ ಮೇಲೆ ಅಣ್ಣನಿಂದ ಒಂದು ಅಳುವ ಮುಖ ಬಂತು, ತಂಗಿಯಿಂದ ಒಂದು ಹೆಬ್ಬೆರಳು.