ಸತ್ತ ಹಾರ್ಡ್ ಡಿಸ್ಕ್ ಜಾಗಕ್ಕೆ ಕ್ಯಾಮೆರಾ ಕಾರ್ಡ್: ಹಳೇ 486ರಲ್ಲಿ ಮತ್ತೆ ಡೇವ್ ಆಡೋಣ

ನಮ್ಮ ಸೋದರಮಾವನ ಮನೆ ಅಟ್ಟದಲ್ಲಿ ಒಂದು 486, ಅಂದರೆ 90ರ ದಶಕದ ಕಂಪ್ಯೂಟರ್ ಇತ್ತು. ಡಿಎಕ್ಸ್2, 66 ಮೆಗಾಹರ್ಟ್ಸ್, 8 ಎಂಬಿ ರ‍್ಯಾಮ್, ಮುಂದೆ ಟರ್ಬೊ ಬಟನ್. ಒಂದು ಕಾಲಕ್ಕೆ ಅವರ ಟೈಪಿಂಗ್ ಅಂಗಡಿಯಲ್ಲಿ ದುಡಿದ ಗಾಡಿ. ಬೇಸಿಗೆ ರಜೆಗೆ ಹೋದಾಗ, ಅಂಗಡಿ ಬಾಗಿಲು ಹಾಕಿದ ಮೇಲೆ, ಮಾವ ಲೆಕ್ಕ ಬರೆಯುತ್ತಾ ಕೂತಿರುವಷ್ಟು ಹೊತ್ತು ನಮಗೆ ಅದರಲ್ಲಿ ಡೇವ್ (ಡೇಂಜರಸ್ ಡೇವ್ ಅನ್ನುವ ಆಟ) ಆಡಲು ಬಿಡುತ್ತಿದ್ದರು. ಹೋದ ವರ್ಷ ಅದನ್ನು ಬೆಂಗಳೂರಿಗೆ ತಂದು ಆನ್ ಮಾಡಿದೆ. ಹಾರ್ಡ್ ಡಿಸ್ಕ್ ನಾಲ್ಕು ಸಲ ಟಕ್ ಟಕ್ ಅಂತ ಬಡಿದುಕೊಂಡು ಸುಮ್ಮನಾಯಿತು.

ಆ ಕಾಲದ ಇನ್ನೊಂದು ಹಾರ್ಡ್ ಡಿಸ್ಕ್ ಹುಡುಕಿ ಹಾಕಬಹುದು, ಎಸ್.ಪಿ. ರಸ್ತೆಯ ಗುಜರಿ ಅಂಗಡಿಗಳಲ್ಲಿ ಸಿಗಲೂಬಹುದು. ಆದರೆ ಅದಕ್ಕೂ ಮೂವತ್ತು ವರ್ಷ ವಯಸ್ಸಾಗಿರುತ್ತದೆ ಅಲ್ವಾ? ಅದೂ ಇವತ್ತೋ ನಾಳೆಯೋ ಹೋಗುವುದೇ. ಅದಕ್ಕೇ ಎಲ್ಲರೂ ಮಾಡುವ ಕೆಲಸ ಅಂದರೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕುವುದು. ಹಳೇ ದೊಡ್ಡ ಕ್ಯಾಮೆರಾಗಳಲ್ಲಿ ಇರುತ್ತಿತ್ತಲ್ಲ, ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿನ ಚೌಕದ ಕಾರ್ಡ್, ಅದೇ.

1994ರಲ್ಲಿ ಸ್ಯಾನ್‌ಡಿಸ್ಕ್ ಈ ಕಾರ್ಡನ್ನು ತಂದಾಗ ಅದರೊಳಗೇ ಐಡಿಇ ಭಾಷೆಯನ್ನೂ ಇಟ್ಟಿತ್ತು. ಅಂದರೆ ಕಾರ್ಡಿಗೆ ಹಾರ್ಡ್ ಡಿಸ್ಕಿನ ಹಾಗೆ ಮಾತಾಡಲು ಮೊದಲಿಂದಲೇ ಬರುತ್ತದೆ. ನಡುವೆ ಇರುವ ಅಡಾಪ್ಟರ್‌ನಲ್ಲಿ ಬುದ್ಧಿವಂತಿಕೆ ಏನೂ ಇಲ್ಲ. ಕಾರ್ಡಿನ 50 ಪಿನ್ನುಗಳನ್ನು ಕೇಬಲ್ಲಿನ 40 ಪಿನ್ನಿಗೆ ಜೋಡಿಸುವ ಬರೀ ತಂತಿ ದಾರಿ ಅದು. ಎಸ್‌ಡಿ ಕಾರ್ಡಿನ ಕಥೆ ಬೇರೆ. ಅದಕ್ಕೆ ಐಡಿಇ ಗೊತ್ತೇ ಇಲ್ಲ, ಅಡಾಪ್ಟರ್ ಮೇಲೆ ಒಂದು ಚಿಪ್ ಕೂತು ಭಾಷಾಂತರ ಮಾಡಬೇಕು. ಕೆಲವು ಮದರ್‌ಬೋರ್ಡುಗಳಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ, ಕೆಲವದರಲ್ಲಿ ಹಠ ಮಾಡುತ್ತದೆ.

ನನಗೆ ಹಠ ಮಾಡಿತು. ಅಗ್ಗ ಅಂತ ಮೊದಲು ಎಸ್‌ಡಿ ಅಡಾಪ್ಟರೇ ತರಿಸಿ, ಮನೆಯಲ್ಲಿ ಬಿದ್ದಿದ್ದ 16 ಜಿಬಿ ಕಾರ್ಡ್ ಸಿಕ್ಕಿಸಿದೆ. ಡಿಸ್ಕ್ ಹುಡುಕುವ ಹೊತ್ತಿಗೆ ಪರದೆ ಹಾಗೇ ನಿಂತುಬಿಟ್ಟಿತು. ಅರ್ಧ ಭಾನುವಾರ ಕೇಬಲ್ ತಿರುಗಿಸಿ ಮುರುಗಿಸಿ ನೋಡಿದೆ. ಅಡಾಪ್ಟರ್ ಕಾರಣವೋ ಕಾರ್ಡಿನ ಸೈಜ್ ಕಾರಣವೋ ಗೊತ್ತಾಗುವ ದಾರಿಯೇ ಇರಲಿಲ್ಲ, ಯಾಕೆಂದರೆ ಎರಡನ್ನೂ ಒಟ್ಟಿಗೆ ತಪ್ಪು ಆರಿಸಿದ್ದೆ. ಅದಕ್ಕೇ ಹೇಳುವುದು, ಈ ಕೆಲಸದಲ್ಲಿ ಕಾರ್ಡ್ ಚಿಕ್ಕದಾದಷ್ಟೂ ನೆಮ್ಮದಿ.

ಸೈಜಿನ ಲೆಕ್ಕ ನೋಡಿ. ಹಳೇ 486ರ ಬಯೋಸ್ (ಆನ್ ಮಾಡಿದ ತಕ್ಷಣ ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಡಿಸ್ಕನ್ನು ಸಿಲಿಂಡರ್, ಹೆಡ್, ಸೆಕ್ಟರ್ ಅಂತ ಎಣಿಸುತ್ತದೆ. ಹೆಚ್ಚೆಂದರೆ 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್, ಒಂದೊಂದು ಸೆಕ್ಟರ್ 512 ಬೈಟ್. ಗುಣಿಸಿದರೆ 52 ಕೋಟಿ 84 ಲಕ್ಷ ಚಿಲ್ಲರೆ ಬೈಟ್, ಅಂದರೆ ಕಂಪ್ಯೂಟರಿನ ಲೆಕ್ಕದಲ್ಲಿ (1024 × 1024 ಬೈಟಿಗೆ ಒಂದು ಎಂಬಿ) 504 ಎಂಬಿ. ಅದಕ್ಕಿಂತ ಮೇಲಿನದು ಅದರ ಕಣ್ಣಿಗೆ ಬೀಳುವುದಿಲ್ಲ. 512 ಎಂಬಿ ಅಂತ ಬರೆದ ಕಾರ್ಡ್ ಈ ಮಿತಿಯೊಳಗೆ ಸರಿಯಾಗಿ ಹಿಡಿಸುತ್ತದೆ, ಏಕೆಂದರೆ ಕಾರ್ಡ್ ಮಾಡುವವರು ಎಂಬಿಯನ್ನು ಹತ್ತು ಲಕ್ಷ ಬೈಟ್ ಅಂತ ಲೆಕ್ಕ ಹಾಕುತ್ತಾರೆ. ಅವರ ಜಿಪುಣತನ ಇಲ್ಲಿ ನಮಗೇ ಲಾಭ. ನಿಮ್ಮ ಬಯೋಸ್‌ನಲ್ಲಿ ದೊಡ್ಡ ಡಿಸ್ಕನ್ನೂ ಎಣಿಸಬಲ್ಲ ಎಲ್‌ಬಿಎ ಅನ್ನುವ ಆಯ್ಕೆ ಇದ್ದರೆ 2 ಜಿಬಿ ಕಾರ್ಡ್ ತಗೊಳ್ಳಿ. ಅದಕ್ಕಿಂತ ದೊಡ್ಡದು ಡಾಸ್‌ಗೆ (ವಿಂಡೋಸ್‌ಗೂ ಮೊದಲಿನ, ಕಮ್ಯಾಂಡ್ ಟೈಪ್ ಮಾಡಿ ನಡೆಸುವ ಆಪರೇಟಿಂಗ್ ಸಿಸ್ಟಮ್) ಸುಮ್ನೆ ದಂಡ. ಎಂಎಸ್-ಡಾಸ್ 6.22 ಒಂದು ಪಾರ್ಟಿಶನ್ನಿಗೆ (ಡಿಸ್ಕಿನ ಒಂದು ಭಾಗಕ್ಕೆ) 2 ಜಿಬಿಗಿಂತ ಜಾಸ್ತಿ ಕೊಡುವುದಿಲ್ಲ.

ಅಷ್ಟು ಸಾಕಾ? ಧಾರಾಳ ಸಾಕು. ಡೇವ್ ಒಂದು ಫ್ಲಾಪಿಯಲ್ಲಿ ಹಿಡಿಸಿ ಜಾಗ ಉಳಿಯುತ್ತದೆ. ಡೂಮ್ 2 ಪೂರ್ತಿ ಹಾಕಿದರೂ 20 ಎಂಬಿ ದಾಟುವುದಿಲ್ಲ. ಸಿಡಿಯಲ್ಲಿ ಬಂದ ಆಟಗಳನ್ನು ಪೂರ್ತಿ ಕಾಪಿ ಮಾಡುತ್ತೇನೆ ಅಂದರೆ ಮಾತ್ರ ಜಾಗ ಸಾಲದು.

ಕಾರ್ಡ್ ಎಲ್ಲಿ ಸಿಗುತ್ತದೆ ಅಂದರೆ, ನಾನು ಕೇಳಿದ್ದು ನಮ್ಮ ಏರಿಯಾದ ಫೋಟೋ ಸ್ಟುಡಿಯೋದಲ್ಲಿ. ನಿಕಾನ್ ಡಿ70, ಕೆನಾನ್ 40ಡಿ ಅಂಥ ಕ್ಯಾಮೆರಾಗಳ ಕಾಲದಲ್ಲಿ ಮದುವೆ ಫೋಟೋ ತೆಗೆದವರ ಡ್ರಾಯರಿನಲ್ಲಿ ಇವು ಈಗಲೂ ಬಿದ್ದಿರುತ್ತವೆ. ನನಗೆ ಮೂರು ಕಾರ್ಡ್ ಸಿಕ್ಕವು. ಒಂದರಲ್ಲಿ ಯಾರದೋ ನಾಮಕರಣದ ಫೋಟೋಗಳು ಹಾಗೇ ಇದ್ದವು, ತೊಟ್ಟಿಲಿಗೆ ಮಲ್ಲಿಗೆ ಹೂ ಕಟ್ಟಿದ್ದರು. ಪೆನ್ ಡ್ರೈವಿಗೆ ಹಾಕಿ ಸ್ಟುಡಿಯೋದವರಿಗೆ ಕೊಟ್ಟೆ. ದುಬಾರಿ ಫಾಸ್ಟ್ ಕಾರ್ಡಿಗೆ ದುಡ್ಡು ಸುರಿಯಬೇಡಿ. ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಹಳೇ ಐಎಸ್‌ಎ ಕಂಟ್ರೋಲರ್ ಸೆಕೆಂಡಿಗೆ ಎರಡು ಮೂರು ಎಂಬಿ ಎಳೆದರೆ ಹೆಚ್ಚು, ಮಿಕ್ಕ ಸ್ಪೀಡ್ ಕಾರ್ಡಿನಲ್ಲೇ ನಿದ್ದೆ ಮಾಡುತ್ತದೆ.

ಈಗ ಡಬ್ಬಿ ಬಿಚ್ಚಿ. ಪ್ಲಗ್ ಗೋಡೆಯಿಂದ ಕಿತ್ತಿರಬೇಕು, ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ಆ ಕಾಲದ ಎಟಿ ಕ್ಯಾಬಿನೆಟ್ಟುಗಳಲ್ಲಿ ಮುಂದಿನ ಪವರ್ ಬಟನ್ನಿಗೇ 230 ವೋಲ್ಟಿನ ಕರೆಂಟ್ ನೇರವಾಗಿ ಬಂದಿರುತ್ತದೆ. ಇವತ್ತಿನ ಪಿಸಿ ಬಿಚ್ಚಿ ಅಭ್ಯಾಸ ಇರುವವರು ಇದನ್ನು ನಿರೀಕ್ಷಿಸಿರುವುದಿಲ್ಲ.

ಒಳಗೆ ಮೊದಲು ನೋಡಬೇಕಾದ್ದು ಡಿಸ್ಕ್ ಅಲ್ಲ, ಬ್ಯಾಟರಿ. ಕೀಬೋರ್ಡ್ ಸಿಕ್ಕಿಸುವ ಜಾಗದ ಹತ್ತಿರ ಹೆಚ್ಚಾಗಿ ನೀಲಿ ಬಣ್ಣದ ಸಣ್ಣ ಪೀಪಾಯಿಯಂಥದ್ದು ಬೆಸುಗೆ ಹಾಕಿರುತ್ತದೆ. ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಅದು. ವರ್ಷಗಳಾದ ಮೇಲೆ ಸೋರುತ್ತದೆ, ಸೋರಿದ್ದು ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ನನ್ನದರಲ್ಲಿ ಎರಡು ಸ್ಕ್ರೂ ಹಸಿರಾಗಿ, ಸುತ್ತ ಉಪ್ಪು ಕಟ್ಟಿದ ಹಾಗಿತ್ತು. ಬ್ಯಾಟರಿಯನ್ನು ಕಟ್ ಮಾಡಿ ತೆಗೆಯಿರಿ. ಸೋರಿದ್ದು ಕ್ಷಾರ, ಹಾಗಾಗಿ ಹಳೇ ಟೂತ್‌ಬ್ರಷ್ಷಿಗೆ ವಿನೆಗರ್ ಹಚ್ಚಿ ಉಜ್ಜಿ. ಆಮೇಲೆ ನೀರಿನಲ್ಲಿ ಒರೆಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಚೆನ್ನಾಗಿ ಒಣಗಲು ಬಿಡಿ. ಒಂದು ದಿನ ಬಿಟ್ಟರೂ ನಷ್ಟವಿಲ್ಲ. ಇದನ್ನು ಮಾಡದೆ ಹಾಗೇ ಬಿಟ್ಟರೆ ನೀವು ಹಾಕುವ ಕಾರ್ಡ್ ಉಳಿಯುತ್ತದೆ, ಬೋರ್ಡ್ ಹೋಗುತ್ತದೆ.

ಬೋರ್ಡ್ ಹೊರಗೆ ತೆಗೆದಿದ್ದರೆ ವಾಪಸ್ ಹಾಕುವಾಗ ಗಮನಿಸಿ, ಪವರ್ ಕನೆಕ್ಟರ್ ಎರಡು ತುಂಡು ಇರುತ್ತದೆ, ಪಿ8 ಮತ್ತು ಪಿ9. ಎರಡರ ಕಪ್ಪು ವೈರುಗಳೂ ಮಧ್ಯದಲ್ಲಿ ಅಕ್ಕಪಕ್ಕ ಬರಬೇಕು. ಅದಲು ಬದಲಾದರೆ ಬೋರ್ಡ್ ಸುಟ್ಟೇ ಹೋಗಬಹುದು. ನಾನು ತೆಗೆಯುವ ಮೊದಲೇ ಮೊಬೈಲಿನಲ್ಲಿ ಫೋಟೋ ಹಿಡಿದಿಟ್ಟಿದ್ದೆ.

ಕಾರ್ಡ್ ಕೂರಿಸುವುದು ಐದು ನಿಮಿಷದ ಕೆಲಸ. ಹಳೇ ಡಿಸ್ಕಿನ ರಿಬ್ಬನ್ ಕೇಬಲ್ ಬಿಚ್ಚಿ ಅಡಾಪ್ಟರಿಗೆ ಹಾಕಿ, ಕೆಂಪು ಗೆರೆ ಇರುವ ಅಂಚು ಒಂದನೇ ಪಿನ್ ಕಡೆಗೆ. ಅಡಾಪ್ಟರಿಗೆ ಕರೆಂಟ್ ಸಾಮಾನ್ಯವಾಗಿ ಫ್ಲಾಪಿ ಡ್ರೈವಿನ ಸಣ್ಣ ಕನೆಕ್ಟರಿನಿಂದ ಬರುತ್ತದೆ. ಅಡಾಪ್ಟರಿನ ಜಂಪರ್ (ಪಿನ್ನುಗಳ ಮೇಲೆ ಕೂರುವ ಸಣ್ಣ ಟೋಪಿ) ಮಾಸ್ಟರ್‌ಗೆ, ಅಂದರೆ ಕೇಬಲ್ಲಿನ ಮೊದಲ ಡಿಸ್ಕ್ ಅನ್ನುವ ಜಾಗಕ್ಕೆ ಇಡಿ. ಸಾಧ್ಯವಾದರೆ ಆ ಕೇಬಲ್ಲಿನಲ್ಲಿ ಕಾರ್ಡ್ ಒಂದೇ ಇರಲಿ, ಕೆಲವು ಕಾರ್ಡುಗಳಿಗೆ ಸಿಡಿ ಡ್ರೈವ್ ಜೊತೆ ಕೇಬಲ್ ಹಂಚಿಕೊಳ್ಳಲು ಆಗುವುದಿಲ್ಲ. ಹಿಂಬದಿಯ ಸ್ಲಾಟಿಗೆ ಸ್ಕ್ರೂ ಹಾಕುವ ಅಡಾಪ್ಟರ್ ಸಿಕ್ಕರೆ ಅದನ್ನೇ ತಗೊಳ್ಳಿ, ಡಬ್ಬಿ ಬಿಚ್ಚದೆ ಹೊರಗಿನಿಂದಲೇ ಕಾರ್ಡ್ ತೆಗೆಯಬಹುದು. ಆದರೆ ಅದು ಪೆನ್ ಡ್ರೈವ್ ಅಲ್ಲ, ಕಂಪ್ಯೂಟರ್ ಆಫ್ ಮಾಡಿಯೇ ಕೀಳಬೇಕು.

ಆನ್ ಮಾಡಿ ಬಯೋಸ್ ಸೆಟಪ್‌ಗೆ ಹೋಗಿ, ಆಟೋ ಡಿಟೆಕ್ಟ್ ಕೊಡಿ. ಕಾರ್ಡಿನ ಸಿಲಿಂಡರ್, ಹೆಡ್, ಸೆಕ್ಟರ್ ಅಂಕಿಗಳು ಬಂದರೆ ಸೇವ್ ಮಾಡಿ, ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಒಳಗೆ ಅಂಟಿಸಿಬಿಡಿ. ಬ್ಯಾಟರಿ ಕಿತ್ತಿದ್ದೀರಲ್ಲ, ಹೊಸದು ಹಾಕುವ ತನಕ ಪ್ರತಿ ಸಲವೂ ಈ ಅಂಕಿ ಕೇಳುತ್ತದೆ. ಆಟೋ ಡಿಟೆಕ್ಟ್ ಇಲ್ಲದ ಬಯೋಸ್ ಆದರೆ ಕೈಯಲ್ಲೇ ತುಂಬಬೇಕು. ದೊಡ್ಡ ಕಾರ್ಡೇ ಗತಿ ಅನ್ನುವವರು 1024, 16, 63 ಅಂತ ತುಂಬಿ ನೋಡಿ, ಹೆಚ್ಚಿನ ಸಲ ಮೊದಲ 504 ಎಂಬಿ ಮಾತ್ರ ಬಳಸಿಕೊಂಡು ನಡೆಯುತ್ತದೆ.

ಮುಂದಿನ ಹಂತದಲ್ಲೇ ಜಾಸ್ತಿ ಜನ ಎಡವುವುದು. ಕಾರ್ಡನ್ನು ಹೊಸ ಲ್ಯಾಪ್‌ಟಾಪಿನಲ್ಲಿ ಫಾರ್ಮ್ಯಾಟ್ ಮಾಡಿಕೊಂಡು ಬರಬೇಡಿ. ಹೊಸ ಗಾಡಿ ಕಾರ್ಡನ್ನು ಎಣಿಸುವ ರೀತಿಯೇ ಬೇರೆ, ಹಳೇ ಬಯೋಸ್ ಎಣಿಸುವ ರೀತಿಯೇ ಬೇರೆ. ಎರಡೂ ತಾಳೆಯಾಗದಿದ್ದರೆ ಫೈಲುಗಳು ಕಾಣುತ್ತವೆ, ಆದರೆ ಬೂಟ್ ಆಗುವುದಿಲ್ಲ, ಅಂದರೆ ಕಾರ್ಡಿನಿಂದ ಕಂಪ್ಯೂಟರ್ ಶುರುವಾಗುವುದಿಲ್ಲ. ಪಾರ್ಟಿಶನ್ ಮಾಡುವುದು, ಫಾರ್ಮ್ಯಾಟ್ ಮಾಡುವುದು ಎರಡೂ ಆ 486ರಲ್ಲೇ ನಡೆಯಬೇಕು.

ಡಾಸ್ ಫ್ಲಾಪಿಯಿಂದ ಬೂಟ್ ಮಾಡಿ. ಎಂಎಸ್-ಡಾಸ್ 6.22 ಇಲ್ಲದಿದ್ದರೆ ಫ್ರೀಡಾಸ್ ಪುಕ್ಕಟೆ ಸಿಗುತ್ತದೆ, ಅದರ ಫ್ಲಾಪಿ ಆವೃತ್ತಿ ಇಂಥ ಗಾಡಿಗಳಿಗೇ ಇರುವುದು. ಫ್ಲಾಪಿ ಡ್ರೈವೂ ಸತ್ತಿದ್ದರೆ ಗೊಟೆಕ್ ಅಂತ ಒಂದು ಡಬ್ಬಿ ಬರುತ್ತದೆ, ಫ್ಲಾಪಿ ಡ್ರೈವ್ ಜಾಗದಲ್ಲಿ ಕೂರುತ್ತದೆ, ಪೆನ್ ಡ್ರೈವನ್ನೇ ಫ್ಲಾಪಿ ಅಂತ ಕಂಪ್ಯೂಟರಿಗೆ ನಂಬಿಸುತ್ತದೆ. ಬೂಟ್ ಆದ ಮೇಲೆ ಪಾರ್ಟಿಶನ್ ಮಾಡುವ ಎಫ್‌ಡಿಸ್ಕ್ ಕಮ್ಯಾಂಡ್ ನಡೆಸಿ, ಕ್ಯಾಮೆರಾದ ಹಳೇ ಪಾರ್ಟಿಶನ್ ಅಳಿಸಿ, ಹೊಸ ಪ್ರೈಮರಿ ಪಾರ್ಟಿಶನ್ ಮಾಡಿ. ಪೂರ್ತಿ ಜಾಗ ಕೊಟ್ಟರೆ ತಾನಾಗಿಯೇ ಆ್ಯಕ್ಟಿವ್ (ಬೂಟ್ ಆಗುವ ಭಾಗ) ಆಗುತ್ತದೆ, ಕಮ್ಮಿ ಕೊಟ್ಟರೆ ನೀವೇ ಆ್ಯಕ್ಟಿವ್ ಮಾಡಬೇಕು. ರೀಸ್ಟಾರ್ಟ್ ಮಾಡಿ, ಫಾರ್ಮ್ಯಾಟ್ ಕಮ್ಯಾಂಡಿಗೆ ಸಿ ಡ್ರೈವ್ ಕೊಟ್ಟು ಕೊನೆಯಲ್ಲಿ ಓರೆಗೆರೆ ಎಸ್ ಸೇರಿಸಿ (FORMAT C: /S), ಆಗ ಡಾಸ್ ಫೈಲುಗಳೂ ಕೂರುತ್ತವೆ. ಫ್ರೀಡಾಸ್ ಆದರೆ ಫಾರ್ಮ್ಯಾಟ್ ಆದ ಮೇಲೆ ಸಿಸ್ ಕಮ್ಯಾಂಡ್ (SYS C:) ಕೊಡಿ.

ಫ್ಲಾಪಿ ತೆಗೆದು ಆನ್ ಮಾಡಿದರೆ ಪರದೆ ಕಪ್ಪಗೆ, ಕರ್ಸರ್ ಮಾತ್ರ ಮಿಟುಕುತ್ತಿದೆಯಾ? ಗಾಬರಿ ಬೇಡ. ಕ್ಯಾಮೆರಾಗೆ ಬೂಟ್ ಮಾಡುವ ಅಗತ್ಯ ಇರಲಿಲ್ಲ, ಹಾಗಾಗಿ ಕಾರ್ಡಿನ ಮೊದಲ ಸೆಕ್ಟರಿನಲ್ಲಿ ಬೂಟ್ ಕೋಡ್ ಇರುವುದಿಲ್ಲ, ಎಫ್‌ಡಿಸ್ಕ್ ಎಷ್ಟೋ ಸಲ ತಾನಾಗಿ ಅದನ್ನು ಬರೆಯುವುದೂ ಇಲ್ಲ. ಮತ್ತೆ ಫ್ಲಾಪಿ ಹಾಕಿ, ಎಫ್‌ಡಿಸ್ಕ್ ಮುಂದೆ ಓರೆಗೆರೆ ಎಂಬಿಆರ್ ಅಂತ ಹೊಡೆಯಿರಿ (FDISK /MBR). ಏನೂ ಹೇಳದೆ ಪ್ರಾಂಪ್ಟ್ ವಾಪಸ್ ಬರುತ್ತದೆ, ಕೆಲಸ ಆಗಿರುತ್ತದೆ. ನನಗೆ ಇಲ್ಲಿಗೆ ಬರಲು ಎರಡು ರಾತ್ರಿ ಹಿಡಿಯಿತು.

ಇಷ್ಟಾದ ಮೇಲೆ ಆಟ ತುಂಬುವುದು ಸಲೀಸು. ಕಾರ್ಡ್ ಕಿತ್ತು ಯುಎಸ್‌ಬಿ ಕಾರ್ಡ್ ರೀಡರಿಗೆ ಹಾಕಿ ಲ್ಯಾಪ್‌ಟಾಪಿನಿಂದ ಕಾಪಿ ಮಾಡಿ. ವಿಂಡೋಸ್ ಸಿಸ್ಟಮ್ ಅದನ್ನು ಫಾರ್ಮ್ಯಾಟ್ ಮಾಡಲಾ ಅಂತ ಕೇಳಿದರೆ ಬೇಡ ಅನ್ನಿ. ಫೋಲ್ಡರಿನ ಹೆಸರು ಎಂಟು ಅಕ್ಷರದೊಳಗೆ ಇರಲಿ, ಉದ್ದ ಹೆಸರಿಟ್ಟರೆ ಡಾಸ್‌ನಲ್ಲಿ ಅದು ಮೊಟಕಾಗಿ, ಬಾಲಕ್ಕೆ ಒಂದು ನಂಬರ್ ಅಂಟಿಕೊಂಡು ಕಾಣುತ್ತದೆ. ಡೂಮ್‌ನ ಮೊದಲ ಭಾಗ ಶೇರ್‌ವೇರ್ ಆಗಿ ಪುಕ್ಕಟೆ ಹಂಚಿದ್ದು, ಅದರಿಂದ ಶುರು ಮಾಡಬಹುದು. ಹಳೇ ಆಟ ಏನಾದರೂ ಹುಚ್ಚು ಸ್ಪೀಡಿನಲ್ಲಿ ಓಡಿದರೆ ಟರ್ಬೊ ಬಟನ್ ಒತ್ತಿ. ಆ ಬಟನ್ ಹೆಸರಿಗೆ ಟರ್ಬೊ, ನಿಜವಾಗಿ ಇರುವುದು ನಿಧಾನ ಮಾಡಲಿಕ್ಕೆ.

ಡಿಸ್ಕ್ ಕೆಲಸ ಚುರುಕು ಮಾಡಲು ಡಾಸ್ ಜೊತೆ ಬರುವ ಸ್ಮಾರ್ಟ್‌ಡ್ರೈವ್ ಹಾಕಿಕೊಂಡಿದ್ದರೆ ಬರೆಯುವ ಕ್ಯಾಶ್ ಆಫ್ ಮಾಡಿ. ಅದು ಬರೆಯಬೇಕಾದ್ದನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತದೆ, ಅಷ್ಟರಲ್ಲಿ ನೀವು ಬಟನ್ ಒತ್ತಿ ಆಫ್ ಮಾಡಿದರೆ ಸೇವ್ ಮಾಡಿದ ಆಟ ಹೋಯಿತು. ಕಾರ್ಡಿಗೆ ಆ ಕ್ಯಾಶ್ ಬೇಕಾಗಿಯೂ ಇಲ್ಲ.

ಪೆಂಟಿಯಂ, ವಿಂಡೋಸ್ 98 ಇರುವವರಿಗೆ ಎರಡೇ ಮಾತು. 8 ಜಿಬಿ ತನಕದ ಕಾರ್ಡ್ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಡಿಎಂಎ (ಪ್ರೊಸೆಸರಿಗೆ ಹೊರೆ ಕೊಡದೆ ಡೇಟಾ ನೇರ ಮೆಮೊರಿಗೆ ಸಾಗಿಸುವ ವಿಧಾನ) ಟಿಕ್ ಹಾಕಿದ ಮೇಲೆ ಗಾಡಿ ನಿಂತುಹೋದರೆ ಟಿಕ್ ತೆಗೆಯಿರಿ, ಅಗ್ಗದ ಅಡಾಪ್ಟರುಗಳಲ್ಲಿ ಡಿಎಂಎ ಪಿನ್ನುಗಳಿಗೆ ತಂತಿಯನ್ನೇ ಎಳೆದಿರುವುದಿಲ್ಲ. ರ‍್ಯಾಮ್ ಕಮ್ಮಿಯಿದ್ದರೆ ವಿಂಡೋಸ್ ಸ್ವಾಪ್ ಫೈಲಿಗೆ ಬರೆಯುತ್ತಲೇ ಇರುತ್ತದೆ, ಫ್ಲ್ಯಾಶ್ ಅದರಿಂದ ಸವೆಯುತ್ತದೆ, ಹಾಗಾಗಿ ರ‍್ಯಾಮ್ ಸ್ವಲ್ಪ ಏರಿಸಿಕೊಳ್ಳಿ.

ಎಲ್ಲ ಸರಿಯಾಗಿ ನಡೆದ ದಿನವೇ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಪೂರ್ತಿ ಇಮೇಜ್ ತೆಗೆದಿಟ್ಟುಕೊಳ್ಳಿ. ಬರೀ ಫೈಲ್ ಕಾಪಿ ಅಲ್ಲ, ಮೊದಲ ಸೆಕ್ಟರಿನಿಂದ ಕೊನೆಯ ತನಕ. ಅರ್ಧ ಜಿಬಿ ತಾನೇ. ಈಗ ನನ್ನ ಹತ್ತಿರ ಮೂರು ಕಾರ್ಡಿವೆ. ಒಂದರ ಮೇಲೆ ಪೆನ್ನಿನಲ್ಲಿ ಡಾಸ್ ಅಂತ ಬರೆದಿದ್ದೇನೆ, ಇನ್ನೊಂದರ ಮೇಲೆ ವಿಂಡೋಸ್ 3.1. ಮೂರನೆಯದು ಮಾವ ಬಂದಾಗ ಆಡುವ ಕಾರ್ಡ್, ಅದರಲ್ಲಿ ಡೇವ್ ಬಿಟ್ಟರೆ ಬೇರೆ ಏನೂ ಇಲ್ಲ, ಆನ್ ಮಾಡಿದರೆ ನೇರ ಆಟವೇ ಶುರುವಾಗುವ ಹಾಗೆ ಆಟೋಎಕ್ಸೆಕ್ ಫೈಲಿನಲ್ಲಿ ಬರೆದಿಟ್ಟಿದ್ದೇನೆ. ಹೋದ ತಿಂಗಳು ಬಂದಿದ್ದರು. ಮೂರನೇ ಲೆವೆಲ್ಲಿನಲ್ಲಿ ಸತ್ತು, ಹಾರ್ಡ್ ಡಿಸ್ಕ್ ಸದ್ದೇ ಇಲ್ಲವಲ್ಲೋ, ಗಾಡಿ ನಡೀತಿದೆಯಾ ಅಂತ ಕೇಳಿದರು.